ನೆಲ ನಡುಗಿದ ಮೂರನೆಯ ದಿನ

ಮುಂಬಯಿಯ ಸಾಯನ್ ಭಾಗದ ಒಂದು ಕನ್ನಡ ಮಾಧ್ಯಮ ಶಾಲೆಯ ಕಚೇರಿಯಲ್ಲಿ ನಾನು 2009ರಿಂದ ಗುಮಾಸ್ತೆಯಾಗಿದ್ದೇನೆ. ವೇತನದ ಬಿಲ್ಲು, ಹಾಜರಿಯ ಲೆಕ್ಕ, ಪರೀಕ್ಷೆಯ ಅರ್ಜಿ ಎಲ್ಲವೂ ನನ್ನ ಮೇಜಿನ ಮೇಲೆಯೇ ಬಂದು ಹೋಗುತ್ತವೆ. ಆದರೆ ಈ ಕೆಲಸದ ಜೀವ ಇರುವುದು ಜನರಲ್ ರಿಜಿಸ್ಟರ್ ಎಂಬ ದಪ್ಪ ಪುಸ್ತಕದಲ್ಲಿ. ಶಾಲೆಗೆ ಸೇರಿದ ಪ್ರತಿಯೊಂದು ಮಗುವಿನ ಹೆಸರು, ಜಾತಿ, ಹುಟ್ಟಿದ ಊರು, ಹುಟ್ಟಿದ ತಾರೀಖು ಅದರಲ್ಲಿ ಒಂದು ಸಾಲಾಗಿ ಕೂರುತ್ತವೆ. ಮುಂದೆ ಕೊಡುವ ಶಾಲೆ ಬಿಟ್ಟ ದಾಖಲೆಯೆಲ್ಲ ಆ ಸಾಲಿನ ನಕಲು. ನಮ್ಮ ಶಾಲೆಯ ಪ್ರಾಥಮಿಕ ವಿಭಾಗದಲ್ಲಿ ಮೊದಲು ಗುಮಾಸ್ತರಿರಲಿಲ್ಲ, ಶಿಕ್ಷಕರೇ ಬರೆಯುತ್ತಿದ್ದರು. 1958ರಿಂದ 1991ರವರೆಗಿನ ಪುಟಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನನ್ನ ಆಯಿಯ ಕೈಬರಹದಲ್ಲಿವೆ.

ಆಯಿ ಎಂದರೆ ನಮ್ಮ ಧಾರವಾಡದ ಕಡೆ ಅಜ್ಜಿ. ಮರಾಠಿಯಲ್ಲಿ ಅದೇ ಮಾತು ತಾಯಿಗೆ ಸಲ್ಲುವುದರಿಂದ, ಚಾಳಿನ ನೆರೆಯವರು ನಾನು ಆಕೆಯ ಮಗಳೆಂದೇ ಬಹಳ ದಿನ ತಿಳಿದಿದ್ದರು. ನನ್ನನ್ನು ಸಾಕಿದವಳು ಆಕೆಯೇ ಆದ್ದರಿಂದ ನಾನೂ ತಿದ್ದಲು ಹೋಗಲಿಲ್ಲ. ಆಕೆ ಹುಟ್ಟಿದ್ದು 1933ರಲ್ಲಿ. ಏಳನೆಯ ತರಗತಿಯ ಕೊನೆಗಿರುತ್ತಿದ್ದ ಮುಲ್ಕಿ ಪರೀಕ್ಷೆ ಪಾಸಾಗಿ, ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿ ಮುಗಿಸಿ, ಪರೇಲಿನ ರೈಲ್ವೆ ವರ್ಕ್‌ಶಾಪಿನಲ್ಲಿದ್ದ ನನ್ನ ಅಜ್ಜನನ್ನು ಮದುವೆಯಾಗಿ ಈ ಊರಿಗೆ ಬಂದಳು. ಮೂವತ್ತಮೂರು ವರ್ಷ ಒಂದೇ ಶಾಲೆಯಲ್ಲಿ ಒಂದನೆಯ ಮತ್ತು ಎರಡನೆಯ ತರಗತಿಗೆ ಕಲಿಸಿದಳು. ವಿಜಾಪುರ, ಕಲಬುರ್ಗಿ ಕಡೆಯಿಂದ ಬಟ್ಟೆ ಗಿರಣಿಗೆ, ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೇ ಅಲ್ಲಿ ಹೆಚ್ಚು. ಅವರ ಬಾಯಲ್ಲಿ ಆಕೆ ಅಕ್ಕೋರು, ಎಂದರೆ ಶಿಕ್ಷಕಿ.

ಈ ಪುಸ್ತಕದ ಬೆಲೆಯನ್ನು ಹೊರಗಿನವರು ಊಹಿಸುವುದು ಕಷ್ಟ. ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರ ಬೇಕಾದವರು, ಪರಿಶಿಷ್ಟ ಜಾತಿಯವರಾದರೆ 1950ರ ಆಗಸ್ಟ್ 10ಕ್ಕೆ, ವಿಮುಕ್ತ ಜಾತಿ ಮತ್ತು ಅಲೆಮಾರಿ ಪಂಗಡದವರಾದರೆ 1961ರ ನವೆಂಬರ್ 21ಕ್ಕೆ, ಇತರ ಹಿಂದುಳಿದ ವರ್ಗದವರಾದರೆ 1967ರ ಅಕ್ಟೋಬರ್ 13ಕ್ಕೆ ಮೊದಲಿನಿಂದಲೇ ತಮ್ಮ ಕುಟುಂಬ ಈ ರಾಜ್ಯದಲ್ಲಿತ್ತೆಂದು ತೋರಿಸಬೇಕು. ಮನೆಯ ಪತ್ರವಿಲ್ಲದ, ಜೋಪಡಿಯಿಂದ ಜೋಪಡಿಗೆ ಹೋದ ಮಂದಿಗೆ ಇದಕ್ಕೆ ಆಧಾರವೆಂದರೆ ಅಪ್ಪನ ಅಥವಾ ಅಜ್ಜನ ಶಾಲೆಯ ದಾಖಲೆ. ಹೀಗಾಗಿ ಐವತ್ತು ಅರವತ್ತು ವರ್ಷದ ಹಿಂದಿನ ಸಾಲೊಂದನ್ನು ಹುಡುಕಿಕೊಂಡು ವಾರಕ್ಕೆ ಒಬ್ಬರಾದರೂ ನನ್ನ ಕಿಟಕಿಯ ಮುಂದೆ ನಿಲ್ಲುತ್ತಾರೆ.

2011ರಲ್ಲಿ ಹಾಗೆ ಬಂದವರೊಬ್ಬರಿಗೆ ನಾನು ತಪ್ಪು ದಾಖಲೆ ಕೊಟ್ಟೆ. ತಪ್ಪಾಗಿದೆಯೆಂದು ಗೊತ್ತಾದದ್ದು ಹದಿನಾಲ್ಕು ವರ್ಷದ ಮೇಲೆ.

ಅವರು 1974ರ ಜೂನ್‌ನಲ್ಲಿ ಒಂದನೆಯ ತರಗತಿಗೆ ಸೇರಿದವರು. ಮೂಲ ದಾಖಲೆ ಕಳೆದಿದೆ, ಕಂಪನಿಯವರು ವಯಸ್ಸಿನ ಪುರಾವೆ ಕೇಳಿದ್ದಾರೆ, ಎರಡನೆಯ ಪ್ರತಿ ಬೇಕೆಂದು ಅಫಿಡವಿಟ್ಟಿನೊಂದಿಗೆ ಬಂದಿದ್ದರು. ಅಂದು ಕಚೇರಿಯಲ್ಲಿ ಹತ್ತಾರು ಜನರಿದ್ದರು. ಪುಟ ತೆರೆದೆ, ಹೆಸರು ಸಿಕ್ಕಿತು, ಬರೆದುಕೊಟ್ಟೆ. ಆದರೆ ಜನ್ಮ ತಾರೀಖನ್ನು ಮಾತ್ರ ನನ್ನ ಕಣ್ಣು ಮೇಲಿನ ಸಾಲಿನಿಂದ ಎತ್ತಿಕೊಂಡಿತ್ತು: 1967ರ ಜೂನ್ 1. ಆ ತಾರೀಖು ನಮ್ಮ ರಿಜಿಸ್ಟರಿನಲ್ಲಿ ನೂರಾರು ಮಕ್ಕಳಿಗೆ ಇದೆ. ಹುಟ್ಟಿದ ದಿನ ಹೇಳಲಾರದ ತಂದೆತಾಯಿಯರ ಮಕ್ಕಳಿಗೆ ಶಾಲೆಯವರು ಜೂನ್ ಒಂದನ್ನು ಬರೆದುಬಿಡುತ್ತಿದ್ದ ಕಾಲವದು. ಅದನ್ನು ಎಷ್ಟು ಸಲ ನಕಲು ಮಾಡಿದ್ದೆನೆಂದರೆ ಕೈಗೆ ಸಂಶಯವೇ ಬರಲಿಲ್ಲ. ತಾರೀಖನ್ನು ಅಂಕಿಯಲ್ಲಿ ಬರೆದ ಮೇಲೆ ಅಕ್ಷರದಲ್ಲಿಯೂ ಬರೆಯಬೇಕೆಂಬ ಕ್ರಮ ಇರುವುದೇ ಇಂಥ ತಪ್ಪು ಹಿಡಿಯಲಿಕ್ಕೆ. ನಾನು ರಿಜಿಸ್ಟರಿನ ಅಕ್ಷರಗಳನ್ನು ನೋಡದೆ, ನಾನೇ ಬರೆದ ಅಂಕಿಯನ್ನು ಅಕ್ಷರಕ್ಕಿಳಿಸಿದ್ದೆ. ಮುಖ್ಯೋಪಾಧ್ಯಾಯರು ನನ್ನ ಮೇಲಿನ ನಂಬಿಕೆಯಿಂದ ಸಹಿ ಹಾಕಿದರು. ದಾಖಲೆ ಒಯ್ದವರ ಪ್ಯಾನ್, ಆಧಾರ್, ಭವಿಷ್ಯನಿಧಿ ಎಲ್ಲವೂ ಆ ಕಾಗದದ ಮೇಲೆಯೇ ನಿಂತವು.

2025ರ ಏಪ್ರಿಲ್‌ನಲ್ಲಿ ಅವರು ಮತ್ತೆ ಬಂದರು, ಜೊತೆಗೆ ಮಗಳಿದ್ದಳು. ಮೇ ಕೊನೆಗೆ 58 ತುಂಬುತ್ತದೆ, ನಿವೃತ್ತರಾಗಬೇಕು ಎಂದು ಕಂಪನಿಯಿಂದ ಪತ್ರ ಬಂದಿತ್ತು. ಅದನ್ನು ಓದಿ ಅವರು ಮನೆಯಲ್ಲಿ, ತಾನು ಹುಟ್ಟಿದ್ದು ಚಳಿಗಾಲದಲ್ಲಿ, ನೆಲ ನಡುಗಿದ ಹೊತ್ತಿನಲ್ಲಿ ಎಂದು ಅವ್ವ ಹೇಳುತ್ತಿದ್ದಳಲ್ಲ ಎಂದರಂತೆ. ಮಗಳು ಹುಡುಕಿ ನೋಡಿದಾಗ ಕೊಯ್ನಾ ಭೂಕಂಪದ ತಾರೀಖು ಸಿಕ್ಕಿತ್ತು: 1967ರ ಡಿಸೆಂಬರ್ 11. ಅವರಿಗೆ ಜಗಳವಾಡುವ ಮನಸ್ಸೇ ಇರಲಿಲ್ಲ. "ಮೇಡಂ, ಪುಸ್ತಕ ಒಮ್ಮೆ ನೋಡೋಣರೀ" ಎಂದಷ್ಟೇ ಕೇಳಿದರು.

ಬಟ್ಟೆಯ ರಟ್ಟಿನ ಆ ಹಳೆಯ ಸಂಪುಟವನ್ನು ಇಳಿಸಿ ಮೇಜಿನ ಮೇಲೆ ಬಿಡಿಸಿದೆ. ಪುಟದ ಮೇಲಿನ ಸಾಲುಗಳು ಬೇರೆ ಯಾರೋ ಬರೆದವು. ಇವರ ಸಾಲಿನಿಂದ ಕೈ ಬದಲಾಗಿತ್ತು. ಟಾಕಿನಿಂದ ಬರೆದ ನೀಲಿ ಅಕ್ಷರ, ಕೆಳಗಿನ ಗೆರೆಯವರೆಗೂ ಇಳಿದು ಸುತ್ತಿ ಬರುವ ದೊಡ್ಡ ಳಕಾರ. ಆ ಳಕಾರವನ್ನು ನಾನು ಪಾಟಿಯ ಮೇಲೆ ತಿದ್ದಿ ಕಲಿತವಳು. ಅಂಕಿಯಲ್ಲಿ 13-12-1967, ಅದರ ಕೆಳಗೆ ಅಕ್ಷರದಲ್ಲಿಯೂ ಅದೇ. ಷರಾ ಎಂಬ ಕೊನೆಯ ಕಾಲಮ್ಮಿನಲ್ಲಿ, ಸಾಮಾನ್ಯವಾಗಿ ಎಲ್ಲರೂ ಖಾಲಿ ಬಿಡುವ ಜಾಗದಲ್ಲಿ, ಆಯಿ ಸಣ್ಣಗೆ ಹೀಗೆ ಬರೆದಿದ್ದಳು: "ತಾಯಿ ಹೇಳಿದ್ದು. ಊರಲ್ಲಿ ನೆಲ ನಡುಗಿದ ಮೂರನೆಯ ದಿನ, ನಡುಗಿದ ದಿನವನ್ನೂ ಸೇರಿಸಿ. ಓದಿ ಹೇಳಿದೆ, ಒಪ್ಪಿದರು." ಅದರ ಪಕ್ಕದಲ್ಲಿ ತಾಯಿಯ ಹೆಸರು. ಆಗಿನ ರಿಜಿಸ್ಟರಿನಲ್ಲಿ ತಾಯಿಯ ಹೆಸರಿಗೆ ಕಾಲಮ್ಮೇ ಇರಲಿಲ್ಲ. 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ತಾಯಿಯ ಹೆಸರು ಇರಲೇಬೇಕೆಂದು ಈಗ ರಾಜ್ಯ ಸರ್ಕಾರ ವಿಧಿಸಿದೆ. ಆಯಿ ಅದಕ್ಕೆ ಐವತ್ತು ವರ್ಷ ಮೊದಲೇ ಜಾಗ ಮಾಡಿಕೊಟ್ಟಿದ್ದಳು. ಅವರು ಆ ಹೆಸರಿನ ಕೆಳಗೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮವ್ವನ ಹೆಸರು ಬರದದ್ದು ಎಲ್ಲಿಯೂ ನೋಡಿದ್ದಿಲ್ಲರೀ" ಎಂದರು.

ತಪ್ಪು ನನ್ನದೆಂದು ಅವರೆದುರಿಗೇ ಒಪ್ಪಿಕೊಂಡೆ. ನಮ್ಮಲ್ಲಿ ಕೊಡುವ ದಾಖಲೆಯ ಮೇಲೆ, ಇದರಲ್ಲಿ ಕೊಟ್ಟ ಅಧಿಕಾರಿಯ ಹೊರತು ಬೇರೆ ಯಾರೂ ಬದಲಾವಣೆ ಮಾಡಕೂಡದು ಎಂಬ ಎಚ್ಚರಿಕೆ ಅಚ್ಚಾಗಿರುತ್ತದೆ. ಎಂದ ಮೇಲೆ ತಿದ್ದುವ ಹೊಣೆಯೂ ನಮ್ಮದೇ. ರಿಜಿಸ್ಟರಿನ ನಮೂದು ಸರಿಯಾಗಿಯೇ ಇದ್ದುದರಿಂದ ಅದನ್ನು ಮುಟ್ಟಬೇಕಾಗಲಿಲ್ಲ. ನಕಲು ಮಾಡುವಾಗ ಕಚೇರಿಯಿಂದ ಆದ ತಪ್ಪೆಂದು ಮುಖ್ಯೋಪಾಧ್ಯಾಯರ ಪತ್ರ, ಪುಟದ ದೃಢೀಕೃತ ಪ್ರತಿ, ಹೊಸ ದಾಖಲೆ, ಮೂರನ್ನೂ ಎರಡೇ ದಿನದಲ್ಲಿ ಸಿದ್ಧಮಾಡಿ ನಾನೇ ಅವರ ಕಂಪನಿಗೆ ಒಯ್ದು ಕೊಟ್ಟೆ. ಕಂಪನಿ ಒಪ್ಪಿತು. ಅವರು ಡಿಸೆಂಬರಿನವರೆಗೆ ದುಡಿದರು. ಆರು ತಿಂಗಳ ಸಂಬಳ ಎಂದರೆ ಅವರ ಮನೆಯಲ್ಲಿ ಮಗಳ ಓದಿನ ಕೊನೆಯ ವರ್ಷದ ಶುಲ್ಕ.

ಆ ವಾರವೆಲ್ಲ ನಾನು ಸಂಜೆ ಉಳಿದು ಆಯಿಯ ಪುಟಗಳನ್ನು ಒಂದೊಂದಾಗಿ ಓದಿದೆ. ಅಲ್ಲಿಯವರೆಗೆ ಅವುಗಳನ್ನು ಬೇಕಾದ ಸಾಲು ಸಿಗುವ ಜಾಗ ಎಂದಷ್ಟೇ ನೋಡಿದ್ದೆ. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಅದು ಮುಗಿಯದೆ ಎಳೆದಾಗ ಎಷ್ಟೋ ಸಂಸಾರಗಳು ಊರಿಗೆ ತಿರುಗಿದವು. ಆ ವರ್ಷದ ಪುಟಗಳಲ್ಲಿ, ಶಾಲೆ ಬಿಟ್ಟ ಕಾರಣ ಎಂಬಲ್ಲಿ, ಆಕೆಯ ಅಕ್ಷರದಲ್ಲಿ ಒಂದರ ಕೆಳಗೊಂದು "ಗಿರಣಿ ಬಂದ್, ಊರಿಗೆ" ಎಂದಿದೆ. ಪ್ರತಿಯೊಂದರ ಮುಂದೆಯೂ ದಾಖಲೆ ಕೊಟ್ಟ ತಾರೀಖಿದೆ. ಹೊರಡುವ ಗಡಿಬಿಡಿಯಲ್ಲಿ ಯಾವ ತಂದೆಯೂ ಅರ್ಜಿ ಬರೆದು ಕಾಯುವುದಿಲ್ಲವೆಂದು ಆಕೆಗೆ ಗೊತ್ತಿತ್ತು. ಶಾಲೆ ಬಿಟ್ಟ ಮೇಲೆ ಚಾಳಿಗೆ ಹೋಗಿ, ಬುತ್ತಿ ಕಟ್ಟುತ್ತಿದ್ದವರ ಕೈಯಲ್ಲಿ ಆ ಕಾಗದವಿಟ್ಟು, ಊರಿನ ಶಾಲೆಯಲ್ಲಿ ಇದನ್ನು ತೋರಿಸದಿದ್ದರೆ ಮಗುವನ್ನು ಮತ್ತೆ ಒಂದನೆಯ ತರಗತಿಗೆ ಕೂರಿಸುತ್ತಾರೆ ಎಂದು ಹೇಳಿ ಬರುತ್ತಿದ್ದಳು. ನಾನು ಆಗ ಚಿಕ್ಕವಳು. ಆಕೆಯ ಸೆರಗು ಹಿಡಿದು ಆ ಚಾಳುಗಳ ಮೆಟ್ಟಿಲು ಹತ್ತಿದ ನೆನಪಿದೆ. ಯಾಕೆ ಹೋಗುತ್ತಿದ್ದೆವೆಂದು ತಿಳಿದದ್ದು ಮಾತ್ರ ಈ ಪುಟಗಳಿಂದ.

ಮನೆಯಲ್ಲಿಯೂ ಆಕೆಯದು ಅದೇ ರೀತಿ. ನೆರೆಯವರಿಗೆ ಊರಿಗೆ ಕಾಗದ ಬರೆದುಕೊಟ್ಟರೆ ಕೊನೆಗೊಮ್ಮೆ ಪೂರ್ತಿ ಓದಿ ಕೇಳಿಸುವಳು. ನಾನು ಕಿರಾಣಿಯ ಯಾದಿ ಬರೆದರೂ "ಬರದದ್ದನ್ನ ಓದಿ ಹೇಳವಾ, ಹೇಳಿದವರು ಕೇಳಲಿ" ಎನ್ನುವಳು. ಬೇಸರದಿಂದ ಓದುತ್ತಿದ್ದೆ. 2016ರಲ್ಲಿ ಆಕೆ ತೀರಿಕೊಂಡಾಗ ಸ್ಮಶಾನಕ್ಕೆ ಬಂದವರಲ್ಲಿ ಅರ್ಧ ಜನ ನನಗೆ ಪರಿಚಯವಿಲ್ಲದ, ತಲೆ ನರೆತ ಗಂಡಸರು. ಎಲ್ಲರೂ ಅಕ್ಕೋರು ಎಂದೇ ಅಳುತ್ತಿದ್ದರು. ಆಕೆ ಇದ್ದಾಗಲೇ, 2011ರ ಆ ತಪ್ಪನ್ನು ತೋರಿಸಿ ಬೈಸಿಕೊಳ್ಳಬಹುದಾಗಿತ್ತು ಎಂಬ ನೋವು ನನಗೆ ಇನ್ನೂ ಇದೆ.

ಈಗ ನನ್ನ ಮೇಜಿನ ಮುಂದೆ ಒಂದು ಬೆಂಚು ಹಾಕಿಸಿದ್ದೇನೆ. ಜೂನ್ ತಿಂಗಳ ಪ್ರವೇಶದ ಗದ್ದಲದಲ್ಲಿಯೂ ಪ್ರತಿಯೊಬ್ಬ ತಾಯಿಯನ್ನು ಕೂರಿಸಿ, ಬರೆದ ಸಾಲನ್ನು ಓದಿ ಕೇಳಿಸುತ್ತೇನೆ. ಜನನ ಪ್ರಮಾಣಪತ್ರ ಬಂದ ಮೇಲೆ ತಾರೀಖಿನ ಗೊಂದಲ ಕಡಿಮೆ. ಆದರೆ ಆಧಾರ್ ಕಾರ್ಡನ್ನು ಇಂಗ್ಲಿಷಿನಲ್ಲಿ ಓದಿ ಕನ್ನಡಕ್ಕಿಳಿಸುವಾಗ ಲ ಯಾವುದು, ಳ ಯಾವುದು, ನ ಯಾವುದು, ಣ ಯಾವುದು ಎಂದು ತಾಯಿಯ ಕಿವಿಯೇ ಹೇಳಬೇಕು. ಕಳೆದ ಜೂನ್‌ನಲ್ಲಿ ಕಲಬುರ್ಗಿ ಕಡೆಯ ತಾಯಿಯೊಬ್ಬಳು, ಸಿಮೆಂಟು ಮೆತ್ತಿದ ಕೈಯಿಂದ ಮಗಳನ್ನು ಹಿಡಿದುಕೊಂಡು, ನಾನು ಓದುವುದನ್ನು ತಲೆಬಾಗಿ ಕೇಳಿದಳು. ಊರಿನ ಹೆಸರು ಬಂದ ಕೂಡಲೇ ತಲೆಯೆತ್ತಿ, "ಹಂಗಲ್ಲರೀ ಅಕ್ಕೋರ, ನಮ್ಮೂರಿಗಿ ದೊಡ್ಡ ಳ ಬರತದರೀ" ಎಂದಳು.