ನಡಾವಳಿ ಪುಸ್ತಕಕ್ಕೆ ಏರಿದ ಒಂದು ಮೋರಿ

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ನಮ್ಮ ಬಡಾವಣೆಯಲ್ಲಿ ಒಂದು ಗಂಟೆ ಬಿರುಸಾಗಿ ಮಳೆ ಹೊಯ್ದರೆ ಸಾಕು, ಮುಖ್ಯರಸ್ತೆಯೂ ಐದನೇ ಅಡ್ಡರಸ್ತೆಯೂ ಕೂಡುವ ಜಾಗದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು. ಈ ಕುರಿತು ನಿವಾಸಿಗಳ ಸಂಘದಿಂದ ವರ್ಷವರ್ಷವೂ ಮನವಿ ಹೋಗುತ್ತಿತ್ತು. ಅವುಗಳ ಪ್ರತಿಗಳು ಟಪಾಲು ವಿಭಾಗದ ದುಂಡು ಮುದ್ರೆಯನ್ನು ಹೊತ್ತು ಸಂಘದ ಕಪಾಟಿನಲ್ಲಿ ಒಂದರ ಮೇಲೊಂದು ಕೂತಿದ್ದವು. ಕೆಲವಕ್ಕೆ ಹಿಂಬರಹವೂ ಬಂದಿತ್ತು. ಅನುದಾನದ ಲಭ್ಯತೆಯನ್ನು ನೋಡಿಕೊಂಡು ಪರಿಶೀಲಿಸಲಾಗುವುದು ಎಂಬ ಒಂದೇ ಒಕ್ಕಣೆ ಎಲ್ಲದರಲ್ಲೂ ಇರುತ್ತಿತ್ತು. ಸಂಘದ ಹಿರಿಯರ ಬೇಡಿಕೆಯೂ ಬದಲಾಗಿರಲಿಲ್ಲ. ಕೂಡುರಸ್ತೆಯನ್ನು ಒಂದಡಿ ಎತ್ತರಿಸಿ ಡಾಂಬರು ಹಾಕಿದರೆ ನೀರು ನಿಲ್ಲುವ ಪ್ರಶ್ನೆಯೇ ಇರುವುದಿಲ್ಲ ಎಂದು ಅವರು ನಂಬಿದ್ದರು.

2022ರ ಸೆಪ್ಟೆಂಬರ್ ಮೊದಲ ವಾರ ಹೊರವರ್ತುಲ ರಸ್ತೆಯ ಆಸುಪಾಸು ಮುಳುಗಿ, ಐಟಿ ಕಂಪನಿಗಳ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದ ಚಿತ್ರಗಳು ದೇಶವೆಲ್ಲ ಹರಿದಾಡಿದವು. ಆ ಮೇಲೆ ಕೆಲವು ವಾರಗಳ ಕಾಲ ಚರಂಡಿ, ರಾಜಕಾಲುವೆ ಎಂಬ ಮಾತು ಬಂದರೆ ಅಧಿಕಾರಿಗಳು ಕಿವಿಗೊಟ್ಟು ಕೇಳುತ್ತಿದ್ದರು. ನಮ್ಮ ವಾರ್ಡ್ ಸಮಿತಿಯ ಸಭೆ ಆ ಹೊತ್ತಿನಲ್ಲಿ ಕೂಡಿದ್ದು ನಮ್ಮ ಅದೃಷ್ಟವೆಂದೇ ಹೇಳಬೇಕು. ಬೇಸಿಗೆಯಲ್ಲಿ ಕೂಡಿದ್ದರೆ ಇಷ್ಟು ಕೆಲಸ ಆಗುತ್ತಿತ್ತೆಂದು ನನಗೆ ನಂಬಿಕೆಯಿಲ್ಲ.

ವಾರ್ಡ್ ಸಮಿತಿ ಯಾರೋ ದಯಪಾಲಿಸಿದ ಸೌಲಭ್ಯವಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಇಂಥ ಸಮಿತಿಗಳು ಇರಬೇಕೆಂದು ವಿಧಿಸಿತು. ಕರ್ನಾಟಕದಲ್ಲಿ ಅದಕ್ಕೆ ನಿಯಮಗಳು ರೂಪುಗೊಂಡು ಸಭೆಗಳು ನಡೆಯುವ ಹೊತ್ತಿಗೆ ಎರಡು ದಶಕಗಳಿಗೂ ಮಿಕ್ಕಿ ಕಾಲ ಹಿಡಿಯಿತು. ಉಚ್ಚ ನ್ಯಾಯಾಲಯದ ಒತ್ತಾಸೆಯೂ ಬೇಕಾಯಿತು. ಪಾಲಿಕೆ ಸದಸ್ಯರ ಅಧ್ಯಕ್ಷತೆಯಲ್ಲಿ ಹತ್ತು ಮಂದಿ ಸದಸ್ಯರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳು ಎಂಬುದು ಮೂಲ ವ್ಯವಸ್ಥೆ. ಆದರೆ 2020ರ ಸೆಪ್ಟೆಂಬರ್‌ಗೆ ಬೆಂಗಳೂರಿನ ಚುನಾಯಿತ ಪಾಲಿಕೆಯ ಅವಧಿ ಮುಗಿದು ಮತ್ತೆ ಚುನಾವಣೆ ನಡೆಯದೆ ಹೋದ್ದರಿಂದ, ಅಧ್ಯಕ್ಷರ ಕುರ್ಚಿಯಲ್ಲಿ ನೋಡಲ್ ಅಧಿಕಾರಿ, ಅಂದರೆ ವಾರ್ಡಿನ ಹೊಣೆ ಹೊತ್ತ ಸರ್ಕಾರಿ ಅಧಿಕಾರಿ, ಕೂರುತ್ತಿದ್ದರು. ಮತ ಕೇಳಬೇಕಾದ ಹಂಗು ಅವರಿಗಿರಲಿಲ್ಲ. ಅದರಿಂದ ಒಂದು ನಷ್ಟವೂ ಇತ್ತು, ಒಂದು ಅನುಕೂಲವೂ ಇತ್ತು. ಅನುಕೂಲವೇನೆಂದರೆ, ಯಾವ ಬೀದಿ ಯಾರಿಗೆ ಮತ ಹಾಕಿತ್ತು ಎಂಬ ಲೆಕ್ಕ ಅಲ್ಲಿ ನಡೆಯುತ್ತಿರಲಿಲ್ಲ.

ಆ ಶನಿವಾರ ವಾರ್ಡ್ ಕಚೇರಿಯ ಮಹಡಿಯಲ್ಲಿ ಸುಮಾರು ಮೂವತ್ತು ಜನ ಸೇರಿದ್ದೆವು. ಸಂಘದ ಜಂಟಿ ಕಾರ್ಯದರ್ಶಿಯಾಗಿ ಟಿಪ್ಪಣಿ ಬರೆದುಕೊಳ್ಳುವ ಕೆಲಸ ನನ್ನದು. ಮೊದಲ ಮುಕ್ಕಾಲು ಗಂಟೆ ಬೀದಿನಾಯಿ, ಕಸದ ಆಟೋ ಬರುವ ಸಮಯ ಮತ್ತು ಉದ್ಯಾನದ ಬೀಗದ ಕೈ ಯಾರ ಬಳಿ ಇರಬೇಕೆಂಬ ವಾದಗಳಲ್ಲಿ ಕಳೆಯಿತು. ಉದ್ಯಾನದ ಬೀಗದ ಬಗ್ಗೆ ನಮ್ಮ ಬಡಾವಣೆಯ ಜನಕ್ಕಿರುವಷ್ಟು ಆಸಕ್ತಿ ತೆರಿಗೆಯ ಬಗ್ಗೆ ಇದ್ದಿದ್ದರೆ ಪಾಲಿಕೆಯ ಖಜಾನೆ ತುಂಬಿ ತುಳುಕುತ್ತಿತ್ತು. ಕೊನೆಗೆ ಕೂಡುರಸ್ತೆಯ ವಿಷಯ ಬಂತು. ನಮ್ಮ ಸಂಘದ ಅಧ್ಯಕ್ಷರು, ಅಂದರೆ ಎಲ್ಲರೂ ಮೇಷ್ಟ್ರು ಎಂದೇ ಕರೆಯುವ ನಿವೃತ್ತ ಅಧ್ಯಾಪಕರು, ಎದ್ದು ನಿಂತು ರಸ್ತೆ ಎತ್ತರಿಸುವ ಬೇಡಿಕೆಯನ್ನು ವಿವರವಾಗಿ ಮಂಡಿಸಿದರು.

ಅವರು ಕೂರುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದರು. ಕೂಡುರಸ್ತೆಯಿಂದ ಇಳಿಜಾರಿನಲ್ಲಿರುವ ಸಣ್ಣ ಓಣಿಯವರು. ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರ ಹೂವು ಮಾರುತ್ತಾರೆ. ಆ ಓಣಿಯ ಮನೆಗಳು ಬಡಾವಣೆಗಿಂತ ಹಳೆಯವು. ಅಲ್ಲಿನವರು ಸಂಘದ ಸದಸ್ಯರಲ್ಲ, ಏಕೆಂದರೆ ಸಂಘ ನೋಂದಣಿಯಾದಾಗ ಬಡಾವಣೆಯ ನಕ್ಷೆಯಲ್ಲಿದ್ದ ನಿವೇಶನದಾರರನ್ನು ಮಾತ್ರ ಸೇರಿಸಿಕೊಳ್ಳಲಾಗಿತ್ತು. "ಮೇಷ್ಟ್ರೇ, ನೀವು ರಸ್ತೆ ಏರಿಸಿಬಿಟ್ರೆ ಆ ನೀರೆಲ್ಲ ಎಲ್ಲಿಗೆ ಹೋಗುತ್ತೆ? ನಮ್ಮ ಮನೆ ಒಳಗೇ ತಾನೆ? ಈಗ್ಲೇ ಹೊಸಿಲ ತನಕ ಬರುತ್ತೆ," ಎಂದರು. ಮೇಷ್ಟ್ರು ತಕ್ಷಣ ಉತ್ತರಿಸಲಿಲ್ಲ. ಸಂಘದ ಒಬ್ಬಿಬ್ಬರು, ಇದು ಬೇರೆ ವಿಷಯ, ಬೇರೆಯಾಗಿ ಅರ್ಜಿ ಕೊಡಿ ಎಂದು ಗೊಣಗಿದ್ದು ನನ್ನ ಕಿವಿಗೆ ಬಿತ್ತು. ನೀರಿಗೆ ಬಡಾವಣೆಯ ನಕ್ಷೆ ಗೊತ್ತಿರುವುದಿಲ್ಲವಾದ್ದರಿಂದ ಅದು ಬೇರೆ ವಿಷಯವಾಗುವುದು ಸಾಧ್ಯವೇ ಇರಲಿಲ್ಲ.

ನೋಡಲ್ ಅಧಿಕಾರಿ ವಾದವನ್ನು ಬೆಳೆಯಲು ಬಿಡಲಿಲ್ಲ. ಸಹಾಯಕ ಎಂಜಿನಿಯರ್ ಹೇಗೂ ಸಭೆಯಲ್ಲೇ ಇದ್ದಾರೆ, ನೀರಿನ ಕೊಳವೆ ಮಾರ್ಗದ ಇಲಾಖೆಯವರನ್ನೂ ಕರೆಸೋಣ, ಈಗಲೇ ಹೋಗಿ ಜಂಟಿ ಪರಿಶೀಲನೆ ಮಾಡೋಣ, ನಡಾವಳಿಯನ್ನು ಬಂದ ಮೇಲೆ ಬರೆಯೋಣ ಎಂದರು. ಊಟದ ಹೊತ್ತಾಗಿದ್ದರಿಂದ ಅರ್ಧದಷ್ಟು ಜನ ಅಲ್ಲಿಂದಲೇ ಕರಗಿದರು.

ಕೂಡುರಸ್ತೆಯ ಅಡಿಯಲ್ಲಿ ಅಡ್ಡಲಾಗಿ ಒಂದು ಹಳೆಯ ಮೋರಿ ಹಾದುಹೋಗುತ್ತದೆ. ಪಾಲಿಕೆಯ ಗ್ಯಾಂಗ್‌ಮನ್ ಒಬ್ಬರು ಹಾರೆಯಿಂದ ಅದರ ಅಂಚಿನ ಎರಡು ಚಪ್ಪಡಿಗಳನ್ನು ಮೀಟಿ ಸರಿಸಿದರು. ಒಳಗಿನ ತೆರಪು ಮೂರಡಿ ಅಗಲ, ಎರಡೂವರೆ ಅಡಿ ಎತ್ತರ. ಆ ಎತ್ತರದ ಸರಿಯಾಗಿ ನಡುಮಧ್ಯದಲ್ಲಿ ಆರು ಅಂಗುಲದ ಒಂದು ಕಬ್ಬಿಣದ ನೀರಿನ ಕೊಳವೆಯೂ, ಅದಕ್ಕೆ ಒರಗಿದಂತೆ ಕಪ್ಪು ಕೇಬಲ್ಲುಗಳ ಒಂದು ಕಂತೆಯೂ ಅಡ್ಡ ಹಾಯ್ದಿದ್ದವು. ಹರಿದು ಬಂದ ಸೀರೆಯ ತುಂಡು, ಎಳನೀರು ಬುರುಡೆ, ಥರ್ಮೋಕೋಲ್, ಹಾಲಿನ ಪ್ಯಾಕೆಟ್ಟು ಎಲ್ಲವೂ ಆ ಕೊಳವೆಗೆ ಸಿಕ್ಕಿ, ಅವುಗಳ ಹಿಂದೆ ಮಣ್ಣು ನಿಂತು, ಮಣ್ಣಿನ ಮೇಲೆ ಹುಲ್ಲು ಕೂಡ ಹುಟ್ಟಿತ್ತು. ಕೊಳವೆಯ ಕೆಳಗಿನ ಭಾಗ ಪೂರ್ತಿ ಹೂಳು. ಮೇಲೆ ಉಳಿದಿದ್ದ ಜಾಗದಲ್ಲಿ ಒಂದು ಗೇಣು ನೀರೂ ಸಲೀಸಾಗಿ ಹರಿಯುವಂತಿರಲಿಲ್ಲ. "ಪ್ರತಿ ಮಳೆಗಾಲಕ್ಕೂ ಮುಂಚೆ ತೆಗೀತೀವಿ ಸಾರ್, ಎರಡು ಮಳೆಗೆ ಮತ್ತೆ ಕಟ್ಕೊಳುತ್ತೆ. ಪೈಪು ಇರೋ ತನಕ ಇದು ಹಿಂಗೇ," ಎಂದು ಗ್ಯಾಂಗ್‌ಮನ್ ಹೇಳಿದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲವೆಂದು ಎಂಜಿನಿಯರ್ ಕೇಳಿದಾಗ, "ಯಾರೂ ಕೇಳಿಲ್ವಲ್ಲ ಸಾರ್," ಎಂದರು. ಆ ಉತ್ತರಕ್ಕೆ ಯಾರೂ ಎದುರು ಹೇಳಲಿಲ್ಲ.

ಟೇಪು ಹಿಡಿದು ಅಳೆದಾಗ ಇನ್ನೊಂದು ಸಂಗತಿಯೂ ಹೊರಬಿತ್ತು. ಮೋರಿಯಿಂದ ಮುಂದೆ ಓಣಿಯ ಪಕ್ಕದ ಚರಂಡಿಯ ತಳವು ಮೋರಿಯ ತಳಕ್ಕಿಂತ ನಾಲ್ಕು ಅಂಗುಲ ಎತ್ತರದಲ್ಲಿತ್ತು. ಹಿಂದೆ ಯಾವಾಗಲೋ ಚರಂಡಿಗೆ ಹೊಸ ಕಾಂಕ್ರೀಟ್ ಹಾಕಿದವರು ಹಳೆಯದನ್ನು ಕೀಳದೆ ಅದರ ಮೇಲೆಯೇ ಸುರಿದಿದ್ದರು. ನೀರು ಹತ್ತಿ ಹೋಗಬೇಕಾದ ಚರಂಡಿ ಅದು! ಅಂದಾಜುಪಟ್ಟಿಯೂ ಅಳತೆ ಪುಸ್ತಕವೂ ಕಾಗದದಲ್ಲಿ ಸರಿಯಾಗಿಯೇ ಇದ್ದಿರಬೇಕು, ಬಿಲ್ಲೂ ಪಾವತಿಯಾಗಿರಬೇಕು. ರಸ್ತೆಯನ್ನು ಎತ್ತರಿಸುವ ಮಾತು ಅಲ್ಲಿಗೆ ನಿಂತಿತು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಚಪ್ಪಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಒಳಗೆ ನೋಡಿದರು. ಆಮೇಲೆ ಹೂವಿನ ಹೆಂಗಸಿನ ಕಡೆ ತಿರುಗಿ, "ನೀವು ಹೇಳಿದ್ದು ಸರಿ ಕಣಮ್ಮ," ಎಂದರು.

ಇನ್ನು ಉಳಿದದ್ದು ಖರ್ಚಿನ ಜಗಳ. ಕೊಳವೆಯನ್ನು ಮೋರಿಯ ಅಡಿಗೆ ಇಳಿಸುವ ವೆಚ್ಚವನ್ನು ಪಾಲಿಕೆಯೇ ಭರಿಸಬೇಕೆಂದು ಕೊಳವೆಯ ಇಲಾಖೆಯವರೂ, ಅನುಮತಿ ಕೇಳದೆ ಮೋರಿ ಒಡೆದವರು ನೀವೇ ಎಂದು ಪಾಲಿಕೆಯವರೂ ನಡುರಸ್ತೆಯಲ್ಲಿ ವಾದಿಸಿದರು. ಕೇಬಲ್ಲುಗಳಿಗಂತೂ ವಾರಸುದಾರರೇ ಇರಲಿಲ್ಲ. ನಗರದಲ್ಲಿ ಒಂದೇ ರಸ್ತೆಯ ಹೊಟ್ಟೆಯಲ್ಲಿ ನೀರು, ಒಳಚರಂಡಿ, ವಿದ್ಯುತ್, ಅನಿಲ, ದೂರಸಂಪರ್ಕಗಳು ಬೇರೆಬೇರೆ ಒಡೆತನದಲ್ಲಿ ಮಲಗಿರುತ್ತವೆ. ಮೇಲಿನ ಡಾಂಬರು ಮಾತ್ರ ಪಾಲಿಕೆಯದು. ಬೇರೆಬೇರೆ ಕಚೇರಿಗಳಿಗೆ ಬೇರೆಬೇರೆ ಅರ್ಜಿ ಹಾಕಿದಾಗ ಸಿಗುವ ಉತ್ತರಗಳು ಒಂದೊಂದೂ ಸರಿಯಾಗಿಯೇ ಇರುತ್ತವೆ, ಸಮಸ್ಯೆ ಮಾತ್ರ ಇದ್ದಲ್ಲೇ ಇರುತ್ತದೆ. ಇಬ್ಬರು ಎಂಜಿನಿಯರುಗಳನ್ನು ಒಂದೇ ಗುಂಡಿಯ ಮುಂದೆ ನಿಲ್ಲಿಸಿದ್ದೇ ಆ ದಿನದ ನಿಜವಾದ ಸಾಧನೆ.

ಕಚೇರಿಗೆ ಮರಳಿದಾಗ ಗಂಟೆ ಮೂರು ಹೊಡೆದಿತ್ತು. ಗುಮಾಸ್ತರು ನಡಾವಳಿ ಪುಸ್ತಕವನ್ನು ತೆರೆದು, ಸ್ಥಳ ಪರಿಶೀಲಿಸಲಾಯಿತು, ಸೂಕ್ತ ಕ್ರಮ ಕೈಗೊಳ್ಳಲು ಸೂಚಿಸಲಾಯಿತು ಎಂದು ಬರೆಯತೊಡಗಿದರು. ಇದಕ್ಕೆ ನಾವು ಒಪ್ಪಲಿಲ್ಲ. ಕೊಳವೆಯನ್ನು ಸ್ಥಳಾಂತರಿಸುವವರು ಯಾರು, ಚರಂಡಿಯ ತಳವನ್ನು ಕೀಳುವವರು ಯಾರು, ಅಂದಾಜುಪಟ್ಟಿಯನ್ನು ಯಾವ ದಿನಾಂಕದೊಳಗೆ ಸಲ್ಲಿಸುತ್ತಾರೆ ಎಂಬುದೆಲ್ಲ ಹುದ್ದೆಯ ಹೆಸರಿನೊಂದಿಗೆ ದಾಖಲಾಗಬೇಕೆಂದು ಪಟ್ಟು ಹಿಡಿದೆವು. ಎಂಜಿನಿಯರ್ ಮೊದಲು ಹಿಂಜರಿದರು. ದಿನಾಂಕ ಬರೆದರೆ ಗುತ್ತಿಗೆದಾರ ಮಾಡುವ ತಡಕ್ಕೂ ನಾನೇ ಉತ್ತರಿಸಬೇಕಾಗುತ್ತದೆ ಎಂದು ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಆದ್ದರಿಂದ ಕೆಲಸ ಮುಗಿಯುವ ದಿನಾಂಕವನ್ನು ಕೈಬಿಟ್ಟು, ಅಂದಾಜುಪಟ್ಟಿಯ ದಿನಾಂಕವನ್ನು ಮಾತ್ರ ಉಳಿಸಿಕೊಂಡೆವು. ಹಾಜರಾತಿಯ ಸಹಿಯಲ್ಲಿ ಓಣಿಯ ನಾಲ್ವರದೂ ಇತ್ತು. ನಡಾವಳಿಯ ಪ್ರತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕಾದೀತೆಂದು ಎಣಿಸಿದ್ದೆವು. ಗುಮಾಸ್ತರು ಪುಟದ ಫೋಟೊ ತೆಗೆದುಕೊಳ್ಳಲು ಬಿಟ್ಟರು.

ಅಂದಾಜುಪಟ್ಟಿ ತಡವಾಗಿ ಬಂತು, ಕಾಮಗಾರಿಗೆ ಪಾಲಿಕೆ ಕೊಡುವ ಗುರುತಿನ ಸಂಖ್ಯೆಯಾದ ಜಾಬ್ ಕೋಡ್ ಸಿಗಲು ಇನ್ನಷ್ಟು ತಡವಾಯಿತು, ಕೊಳವೆ ಇಳಿದದ್ದು ಮರುವರ್ಷದ ಬೇಸಿಗೆಯಲ್ಲಿ. ಆ ನಡುವೆ ಎಂಜಿನಿಯರ್ ಅವರಿಗೆ ವರ್ಗವಾಯಿತು. ಹೊಸಬರು ಕಡತವನ್ನು ಮೊದಲಿನಿಂದ ಓದುವುದಾಗಿ ಹೇಳಿದಾಗ, ನಾವು ನಡಾವಳಿಯ ಆ ಪುಟವನ್ನು ಅವರ ಮೇಜಿನ ಮೇಲಿಟ್ಟೆವು. ಹುದ್ದೆಯ ಹೆಸರಿನಲ್ಲಿ ಬರೆಸಿದ್ದರ ಪ್ರಯೋಜನ ಆಗ ತಿಳಿಯಿತು. ಈಗ ಕೂಡುರಸ್ತೆಯಲ್ಲಿ ನೀರು ನಿಂತರೂ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಓಣಿಯ ಕೊನೆಯ ಎರಡು ಮನೆಗಳ ತೊಂದರೆ ಪೂರ್ತಿ ನೀಗಿಲ್ಲ, ಏಕೆಂದರೆ ಅವುಗಳ ಮುಂದಿನ ಚರಂಡಿಯ ತಳವನ್ನು ಕೀಳುವ ಮೊದಲೇ ಅನುದಾನ ಮುಗಿಯಿತೆಂದು ಕೆಲಸ ನಿಲ್ಲಿಸಲಾಯಿತು.

2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರ ಅಡಿಯಲ್ಲಿ ಐದು ನಗರ ಪಾಲಿಕೆಗಳೂ ಬಂದವು. ನಮ್ಮ ಉಳಿಕೆ ಕೆಲಸದ ಅರ್ಜಿಯನ್ನು ಈಗ ಹೊಸ ಪಾಲಿಕೆಯ ವಿಳಾಸಕ್ಕೆ ಬರೆದಿದ್ದೇವೆ. ಸಂಘದ ನಿಯಮಾವಳಿಗೆ ತಿದ್ದುಪಡಿಯಾಗಿ ಓಣಿಯವರೂ ಸದಸ್ಯರಾಗಿದ್ದಾರೆ. ಸರ್ವಸದಸ್ಯರ ಸಭೆಯಲ್ಲಿ ಅದಕ್ಕೆ ವಿರೋಧವೂ ಬಂತು, ಇಬ್ಬರು ಹಳೆಯ ಸದಸ್ಯರು ಚಂದಾ ಕೊಡುವುದನ್ನೇ ನಿಲ್ಲಿಸಿದರು. ಅರ್ಜಿಯ ಜೊತೆಗೆ ಮೋರಿಯ ಅಳತೆ, ಹಳೆಯ ನಡಾವಳಿಯ ಪ್ರತಿ ಮತ್ತು ಕೊನೆಯ ಎರಡು ಮನೆಗಳ ಹೊಸಿಲಿನ ಮಟ್ಟವನ್ನು ಗುರುತಿಸಿದ ಒಂದು ನಕ್ಷೆಯನ್ನು ಲಗತ್ತಿಸಿದ್ದೇವೆ. ಟಪಾಲಿನವರು ಮುದ್ರೆ ಒತ್ತಿ ಕೊಟ್ಟಿದ್ದಾರೆ. ಮುಂದಿನ ಜಂಟಿ ಪರಿಶೀಲನೆಗೆ ದಿನ ಗೊತ್ತುಪಡಿಸುವಂತೆ ಮೇಷ್ಟ್ರೂ ಹೂವಿನ ಅಮ್ಮನೂ ಒಟ್ಟಿಗೆ ಹೋಗಿ ಕೇಳಿ ಬಂದಿದ್ದಾರೆ.