ಆಟಿಯ ಭಾನುವಾರ: ಉಪ್ಪುಸೊಳೆ, ಚಗಟೆ ಸೊಪ್ಪು, ಬೋಳುಹುಳಿ

2025 ಜುಲೈ 27, ಭಾನುವಾರ (ಆಟಿ 11)
ನೀರ್ಚಾಲು ಹತ್ತಿರ, ಕಾಸರಗೋಡು

ನಿನ್ನೆ ರಾತ್ರಿ ಊಟ ಆದಮೇಲೆ ಉಪ್ಪುಸೊಳೆಯ, ಅಂದರೆ ಉಪ್ಪಿಗೆ ಹಾಕಿದ ಹಲಸಿನ ತೊಳೆಯ, ಭರಣಿ ತೆರೆದೆವು. ಇವತ್ತು ಮಧ್ಯಾಹ್ನಕ್ಕೆ ಅದರದ್ದೇ ಪಲ್ಯ. ಮಳೆಯಲ್ಲಿ ಬದಿಯಡ್ಕ ಪೇಟೆಗೆ ಹೋಗುವ ಮನಸ್ಸು ಯಾರಿಗೂ ಇರಲಿಲ್ಲ. ಹೋದರೂ ಬೀನ್ಸ್ ರೇಟು ಕೇಳಿ ಸುಮ್ನೆ ವಾಪಸ್ ಬರುವುದೇ. ಆಟಿಯಲ್ಲಿ, ಅಂದರೆ ತುಳುವಿನ ಈ ಮಳೆಗಾಲದ ತಿಂಗಳಲ್ಲಿ, ಹೇಗೂ ಇವತ್ತು ಏನು ಅಡುಗೆ ಎಂದು ನಾವು ತೀರ್ಮಾನ ಮಾಡುವುದು ಕಮ್ಮಿ. ಅಟ್ಟದಲ್ಲಿ ಏನು ತೂಗುತ್ತಿದೆ, ಭರಣಿಯಲ್ಲಿ ಏನಿದೆ, ಮಳೆ ಹೊಳವಾದಾಗ ಗುಡ್ಡೆ ಬದಿಯಲ್ಲಿ ಏನು ಚಿಗುರಿದೆ, ಅಷ್ಟರೊಳಗೆ ಊಟ ಮುಗಿಯಬೇಕು.

ಸೊಳೆ ಉಪ್ಪಿಗೆ ಹಾಕಿದ್ದು ಮೇ ತಿಂಗಳಲ್ಲಿ. ಇದಕ್ಕೆ ಬಕ್ಕೆ, ಅಂದರೆ ಗಟ್ಟಿ ಸೊಳೆಯ ಹಲಸೇ ಆಗಬೇಕು. ಚೆನ್ನಾಗಿ ಬೆಳೆದಿರಬೇಕು, ಹಣ್ಣಾಗಿರಬಾರದು. ತುಳುವ ಹಲಸು ಹಾಕಿದರೆ ಭರಣಿಯಲ್ಲೇ ಮೆತ್ತಗಾಗಿ ಕರಗಿ ಹೋಗುತ್ತದೆ. ಸೊಳೆ ಬಿಡಿಸಿ, ಬೀಜ ತೆಗೆದು, ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು. ನೀರು ಹಾಕುವುದಿಲ್ಲ. ಉಪ್ಪೇ ಸೊಳೆಯ ನೀರನ್ನು ಎಳೆದು ಮೇಲೆ ತರುತ್ತದೆ. ಅದರ ಮೇಲೆ ಬಾಳೆಎಲೆ, ಎಲೆಯ ಮೇಲೆ ತೊಳೆದ ಹೊಳೆಕಲ್ಲು, ಭರಣಿಯ ಬಾಯಿಗೆ ಬಟ್ಟೆ. ಸೊಳೆ ಆ ನೀರಿನೊಳಗೆ ಮುಳುಗಿರಬೇಕು, ಅಷ್ಟೇ ಗುಟ್ಟು. ಒಂದು ಸೊಳೆ ಮೇಲೆ ಬಂದು ಗಾಳಿ ತಾಗಿತೋ, ಬೂಸ್ಟು ಹಿಡಿಯಿತು.

ಬಟ್ಟೆ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಹುಳಿಯೂ ಹೌದು, ಹಲಸೂ ಹೌದು, ಸ್ವಲ್ಪ ಹಳೆ ಮರದ ಪೆಟ್ಟಿಗೆಯದ್ದೂ ಹೌದು. ಮನೆಗೆ ಬಂದ ಬೆಂಗಳೂರಿನ ನೆಂಟರು ಮೂಗು ಮುಚ್ಚಿದ್ದುಂಟು. ನಮಗೆ ಬಾಯಲ್ಲಿ ನೀರು. ಸೊಳೆ ಈಗ ಬಿಳಿ ಬಿಟ್ಟು ತೆಳು ಹಳದಿಗೆ ತಿರುಗಿರುತ್ತದೆ. ಮಡಚಿದರೆ ಮಡಚುತ್ತದೆ, ತುಂಡಾಗುವುದಿಲ್ಲ. ಒದ್ದೆ ಕೈ ಹಾಕಲು ಅತ್ತೆ ಬಿಡುವುದಿಲ್ಲ. ಒಣ ಸೌಟಿನಿಂದ ಬೇಕಾದಷ್ಟು ತೆಗೆದು, ಉಳಿದದ್ದನ್ನು ಒತ್ತಿ, ಕಲ್ಲು ಮತ್ತೆ ಮೇಲಿಟ್ಟರು.

ತೆಗೆದದ್ದನ್ನು ರಾತ್ರಿ ನೀರಲ್ಲಿ ಹಾಕಿ, ಮಲಗುವ ಮೊದಲು ಒಮ್ಮೆ ನೀರು ಬದಲಿಸಿ, ಬೆಳಗ್ಗೆ ಎದ್ದು ಮತ್ತೆ ಬದಲಿಸಿದ್ದಾಯಿತು. ಉಪ್ಪು ಬಿಟ್ಟಿದೆಯೋ ಇಲ್ಲವೋ ನೋಡಲು ಮೂಲೆ ಕಚ್ಚಿ ನೋಡುವುದೊಂದೇ ದಾರಿ. ಪೂರ್ತಿ ಬಿಡಬಾರದು. ಪಲ್ಯಕ್ಕೆ ಬೇಕಾದಷ್ಟು ಉಪ್ಪು ಸೊಳೆಯಲ್ಲೇ ಉಳಿಯಬೇಕು, ಮತ್ತೆ ಮೇಲಿಂದ ಚಿಟಿಕೆಯೂ ಹಾಕುವುದಿಲ್ಲ. ಆಮೇಲೆ ಮುಷ್ಟಿಯಲ್ಲಿ ಗಟ್ಟಿ ಹಿಂಡಿ, ಉದ್ದಕ್ಕೆ ಸಣ್ಣಗೆ ಸೀಳಿ, ಬೇಯಿಸಿದ ಹೆಸರುಕಾಳಿನ ಜೊತೆ ಮತ್ತೊಮ್ಮೆ ಬೇಯಿಸಿದೆ. ತೆಂಗಿನಕಾಯಿ, ಒಣಮೆಣಸು, ಜೀರಿಗೆ ತರಿತರಿಯಾಗಿ ಅರೆದು ಸೇರಿಸಿ, ಒಂದು ಸಣ್ಣ ತುಂಡು ಬೆಲ್ಲ, ಬೆಳ್ಳುಳ್ಳಿಯ ಒಗ್ಗರಣೆ. ಕುಚ್ಚಲಕ್ಕಿ ಗಂಜಿಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ. ಬೆಳ್ತಿಗೆ (ಬಿಳಿ ಅಕ್ಕಿ) ಅನ್ನಕ್ಕೆ ಇದು ಅಷ್ಟು ಹೊಂದುವುದಿಲ್ಲ ಎಂದು ನನ್ನ ಅಭಿಪ್ರಾಯ. ಮನೆಯಲ್ಲಿ ಒಪ್ಪದವರಿದ್ದಾರೆ.

ಮಗನಿಗೆ ಬೇಕಾಗಿದ್ದು ಉಂಡಲಕಾಳು. ಉಪ್ಪು ಬಿಡಿಸಿದ ಅದೇ ಸೊಳೆಯನ್ನು ನೆನೆಸಿದ ಅಕ್ಕಿ, ಕಾಯಿತುರಿ ಸೇರಿಸಿ ನೀರು ಹಾಕದೆ ಗಟ್ಟಿಯಾಗಿ ರುಬ್ಬಿ, ಗೋಲಿಯಷ್ಟೇ ಉಂಡೆ ಮಾಡಿ, ಸಣ್ಣ ಉರಿಯಲ್ಲಿ ತೆಂಗಿನೆಣ್ಣೆಯಲ್ಲಿ ಕರಿಯುವುದು. ಡಬ್ಬಿಯಲ್ಲಿಟ್ಟರೆ ಮಳೆಗಾಲದ ಸಂಜೆಗಳಿಗೆ ಸಾಕಾಗುತ್ತದೆ, ಅಂದರೆ ಸಾಕಾಗಬೇಕಿತ್ತು, ಸಾಕಾದದ್ದು ನಾನು ನೋಡಿಲ್ಲ. ಆದರೆ ಈ ವರ್ಷ ತೆಂಗಿನೆಣ್ಣೆ ಲೀಟರಿಗೆ 400 ದಾಟಿ ಕೂತಿದೆ. 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ಶುರುವಾದ ಊರು ನಮ್ಮದು. ಇವತ್ತಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಅದೇ. ಆ ಊರಲ್ಲಿ ಎಣ್ಣೆಯ ಡಬ್ಬಿ ಎತ್ತಿ ಎಷ್ಟಿದೆ ಎಂದು ಅಳೆಯುವ ಕಾಲ ಬಂತು. ಉಂಡಲಕಾಳು ಅಷ್ಟಮಿಗೆ ನೋಡೋಣ ಎಂದೆ.

ಕಾಯಿಯ ರೇಟಿನಿಂದ ಲಾಭ ಆದದ್ದು ಬೋಳುಹುಳಿಗೆ. ಇದಕ್ಕೆ ಕಾಯಿ ಬೇಡ, ಮಸಾಲೆ ಅರೆಯುವ ಕೆಲಸವೂ ಇಲ್ಲ. ಅಟ್ಟದ ಪಕ್ಕಾಸಿಗೆ ಬಾಳೆನಾರಿನಲ್ಲಿ ಕಟ್ಟಿ ತೂಗಿಸಿದ ಸೌತೆಕಾಯಿ ಇನ್ನೂ ಸಾಲಾಗಿ ಇದೆ. ಬೇಸಿಗೆಯಲ್ಲಿ ಗದ್ದೆಯಲ್ಲಿ ಬೆಳೆದದ್ದು. ಒಂದಕ್ಕೊಂದು ತಾಗದ ಹಾಗೆ, ಗಾಳಿ ಆಡುವ ಹಾಗೆ ತೂಗಿಸಿದರೆ ಮಳೆಗಾಲ ದಾಟಿಸುತ್ತದೆ. ನೆಲದಲ್ಲಿ ಇಟ್ಟರೆ ತಾಗಿದ ಕಡೆಯಿಂದ ಕೊಳೆಯುತ್ತದೆ. ಕೊಯ್ದ ಕೂಡಲೇ ತುದಿಯ ತುಂಡೊಂದನ್ನು ಬಾಯಿಗೆ ಹಾಕಿ ನೋಡಬೇಕು. ಯಾವುದೋ ಒಂದು ಕಹಿ ಇರುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಇವತ್ತಿನದ್ದು ಒಳ್ಳೆಯದೇ. ಸಿಪ್ಪೆ ಸಮೇತ ದಪ್ಪ ಹೋಳು, ಉಪ್ಪು, ಹುಳಿ, ಸೀಳಿದ ಹಸಿಮೆಣಸು, ಬೆಲ್ಲ. ಬೆಂದ ಮೇಲೆ ಬೆಳ್ಳುಳ್ಳಿ ಕೆಂಪಗೆ ಹುರಿದು ಒಗ್ಗರಣೆ. ತಿರುಳು ಬೀಜ ಬಿಸಾಡಲಿಲ್ಲ. ನೀರಲ್ಲಿ ಹಿಚುಕಿ ಸೋಸಿ, ಹುಳಿ, ಮೆಣಸು, ಬೆಲ್ಲ ಹಾಕಿ ಕುದಿಸಿದರೆ ರಾತ್ರಿಗೆ ತೆಳು ಸಾರು.

ಮೂರು ಗಂಟೆ ಹೊತ್ತಿಗೆ ಮಳೆ ಸ್ವಲ್ಪ ಹೊಳವಾಯಿತು. ಬುಟ್ಟಿ ಹಿಡಿದು ಚಗಟೆಗೆ ಹೊರಟೆ. ತುಳುವಿನವರ ತಜಂಕ್, ಮಲಯಾಳದವರ ತಗರ, ಎಲ್ಲ ಇದೇ. ಮೊದಲ ಮಳೆ ಬಿದ್ದ ಮೇಲೆ ಯಾರೂ ಬಿತ್ತದೆ ಎದ್ದು ನಿಲ್ಲುವ ಗಿಡ. ಎಲೆ ಮೂರು ಜೋಡಿ, ತುದಿಯ ಜೋಡಿ ದೊಡ್ಡದು, ಜಜ್ಜಿದರೆ ಒಂಥರಾ ನಾತ. ಸಂಜೆ ಕತ್ತಲಾಗುವಾಗ ಎಲೆ ಮಡಚಿಕೊಳ್ಳುತ್ತದೆ, ಆಮೇಲೆ ಕೊಯ್ಯುವುದು ರಗಳೆ. ಅದಕ್ಕೇ ಹಗಲೇ ಹೋಗಬೇಕು. ಹಳದಿ ಹೂ ಬಿಡಲು ಶುರುವಾದರೆ ಎಲೆ ಬಲಿತು ಕಹಿಯಾಗುತ್ತದೆ. ಹಾಗಾಗಿ ಮುಂದಿನ ತಿಂಗಳು ಸೋಣ ಬರುವ ಮೊದಲೇ ಇದರ ಲೆಕ್ಕ ಚುಕ್ತಾ. ಕುಡಿಯನ್ನು ಉಗುರಿನಲ್ಲಿ ಚಿವುಟಿದಾಗ ಟಕ್ ಅಂತ ಮುರಿಯಬೇಕು. ನಾರು ಎಳೆದುಕೊಂಡು ಬಂದರೆ ಬಿಡುವುದು.

ಎಲ್ಲಿ ಕೊಯ್ಯುವುದು ಎನ್ನುವುದೂ ಮುಖ್ಯ. ರಸ್ತೆ ಬದಿಯದ್ದು ಬೇಡ. ಅಡಿಕೆ ತೋಟದ ಒಳಗಿನದ್ದೂ ಈಗ ಬೇಡ. ಅಡಿಕೆಯ ಕೊಳೆರೋಗ ಮಹಾಳಿಗೆ ಮದ್ದು ಬಿಟ್ಟಾಗಿದೆ. ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೇಲೆ ಗೊನೆಗೆ ಬಿಟ್ಟದ್ದರಲ್ಲಿ ಅರ್ಧ ಕೆಳಗೇ ಬೀಳುತ್ತದೆ. ತೋಟದ ಒಂದೆಲಗ, ಕೆಸುವಿನ ಎಲೆಗಳ ಮೇಲೆಲ್ಲ ನೀಲಿ ಚುಕ್ಕಿ. ಇನ್ನೊಂದು ಸಲ ಬಿಡಲು ನಮ್ಮ ಮನೆಯವರು ಬಿಸಿಲಿಗೆ ಕಾಯುತ್ತಿದ್ದಾರೆ. ಆದ್ದರಿಂದ ತಂಬುಳಿಗೆ ಬಾವಿಕಟ್ಟೆಯ ಬದಿಯ ಒಂದೆಲಗ ಮಾತ್ರ, ಪಲ್ಯಕ್ಕೆ ಗುಡ್ಡೆ ಬದಿಯ ಚಗಟೆ ಮಾತ್ರ.

ಗುಡ್ಡೆಯ ಸೊಪ್ಪನ್ನು ಹೀಗೆ ಧೈರ್ಯದಲ್ಲಿ ಕೊಯ್ಯುವುದು ನಮ್ಮ ಜಿಲ್ಲೆಯಲ್ಲಿ ಯಾವಾಗಲೂ ಇದ್ದ ಸಂಗತಿ ಅಲ್ಲ. ಎಣ್ಮಕಜೆ ಕಡೆ ಗೇರುಗುಡ್ಡೆಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲ 2000ದವರೆಗೂ ಇತ್ತು. ಸುಪ್ರೀಂ ಕೋರ್ಟ್ ದೇಶಕ್ಕೇ ಅದನ್ನು ನಿಲ್ಲಿಸಿದ್ದು 2011ರಲ್ಲಿ. ಆ ಕಡೆಯ ನಮ್ಮ ಚಿಕ್ಕಮ್ಮ ಈಗಲೂ ಯಾವ ಸೊಪ್ಪು ತಂದರೂ ಮೂರು ನೀರಿನಲ್ಲಿ ತೊಳೆಯುತ್ತಾರೆ, ತನ್ನ ಹಿತ್ತಲಿನದ್ದಾದರೂ ಸರಿ. ನಾವು ಯಾರೂ ಅವರಿಗೆ ಸಾಕು ಅನ್ನುವುದಿಲ್ಲ.

ಚಗಟೆಗೆ ಹಲಸಿನ ಬೀಜ ಜೊತೆ. ಬೀಜ ಕೆಮ್ಮಣ್ಣು ಬಳಿದು ಒಣಗಿಸಿ ಅಟ್ಟದ ಮೂಲೆಯಲ್ಲಿತ್ತು. ಫ್ರಿಡ್ಜಿನಲ್ಲಿ ಇಡುವವರೂ ಇದ್ದಾರೆ, ಇಡಲಿ, ಏನೂ ತೊಂದರೆ ಇಲ್ಲ. ಗುಂಡುಕಲ್ಲಿನಿಂದ ಒಂದೊಂದಕ್ಕೆ ಮೆಲ್ಲ ಪೆಟ್ಟು ಕೊಟ್ಟರೆ ಮೇಲಿನ ಸಿಪ್ಪೆ ಕಳಚುತ್ತದೆ. ಒಳಗಿನ ಕೆಂಪು ಸಿಪ್ಪೆ ಅಲ್ಲೇ ಇರಲಿ, ಅದನ್ನು ಉಜ್ಜಿ ತೆಗೆಯುವುದು ಬರೀ ಚಂದಕ್ಕೆ. ಬೀಜ ಬೆಂದ ಮೇಲೆ ಸಣ್ಣಗೆ ಹೆಚ್ಚಿದ ಸೊಪ್ಪು ಹಾಕಿ ಮುಚ್ಚಿಟ್ಟೆ. ಒಂದು ಬುಟ್ಟಿ ಸೊಪ್ಪು ಒಂದು ಬಟ್ಟಲಿಗೆ ಇಳಿಯುತ್ತದೆ. ಅದಕ್ಕೆ ಉಪ್ಪು ಹಾಕುವುದು ಸೊಪ್ಪು ಇಳಿದ ಮೇಲೆ. ಕೊನೆಗೆ ಒಂದು ಹಿಡಿ ಕಾಯಿತುರಿ. ಇಲ್ಲಿ ಮಾತ್ರ ನಾನು ರೇಟು ನೋಡಲಿಲ್ಲ, ಕಾಯಿ ಇಲ್ಲದ ಚಗಟೆ ತಿನ್ನುವ ಶಕ್ತಿ ನನಗಿಲ್ಲ.

ಪಕ್ಕದ ಮನೆಯ ಮಲಯಾಳಿ ಚೇಚಿಗೆ ಒಂದು ಬಟ್ಟಲು ಕೊಟ್ಟೆ. ಅವರಿಗೆ ಇದು ಕರ್ಕಿಡಕ, ಕೊಲ್ಲ ವರ್ಷ 1200. ಸಂಜೆ ದೀಪ ಹಚ್ಚಿ ರಾಮಾಯಣ ಓದುವ ತಿಂಗಳು. ಅವರ ಮನೆಯಲ್ಲಿ ನವರ ಅಕ್ಕಿ, ಮೆಂತೆ, ಜೀರಿಗೆ ಹಾಕಿದ ಗಂಜಿ. ಈಗ ಅದರ ಕಿಟ್ಟೇ ಅಂಗಡಿಯಲ್ಲಿ ಸಿಗುತ್ತದೆ. ಹತ್ತು ಬಗೆಯ ಎಲೆ ತಿನ್ನಬೇಕು ಎನ್ನುವ ಕ್ರಮವೂ ಅವರಲ್ಲಿದೆ, ತಗರ ಅದರಲ್ಲಿ ಒಂದು. ನುಗ್ಗೆ ಸೊಪ್ಪು ಮಾತ್ರ ಈ ತಿಂಗಳು ಮುಟ್ಟುವುದಿಲ್ಲ, ಕರ್ಕಿಡಕದಲ್ಲಿ ಅದು ವಿಷ ಎನ್ನುತ್ತಾರೆ. ನಮ್ಮ ಅತ್ತೆಗೆ ಆ ನಿಯಮ ಇಲ್ಲ, ಮೊನ್ನೆಯಷ್ಟೇ ನುಗ್ಗೆ ಸೊಪ್ಪಿನ ಸಾಂಬಾರು ಮಾಡಿದ್ದಾರೆ. ಬೇಲಿಯ ಆಚೆ ಒಂದು, ಈಚೆ ಇನ್ನೊಂದು. ಚೇಚಿ ನಮ್ಮ ಸಾಂಬಾರು ನೋಡಿ ನಗುತ್ತಾರೆ, ತಿನ್ನುವುದಿಲ್ಲ.

ಕಳೆದ ಭಾನುವಾರ ಪೇಟೆಯ ಸಭಾಭವನದಲ್ಲಿ ಒಂದು ಆಟಿಯ ಕಾರ್ಯಕ್ರಮಕ್ಕೆ ಹೋಗಿದ್ದೆವು. ಈಗ ಎಲ್ಲ ಸಂಘದವರೂ ಮಾಡುತ್ತಾರೆ. ಎಲೆಯಲ್ಲಿ ಪತ್ರೊಡೆ, ಚಗಟೆ, ಕಣಿಲೆ, ಉಪ್ಪುಸೊಳೆ, ಕೆಸುವಿನ ದಂಟು, ಹುರುಳಿ, ಇನ್ನೂ ಏನೇನೋ. ಮಾಡಿದವರ ಕೈ ಒಳ್ಳೆಯದಿತ್ತು, ತಪ್ಪು ಹೇಳುವ ಹಾಗಿಲ್ಲ. ಆದರೆ ಉಂಡು ಎದ್ದ ಮೇಲೆ ಯಾವುದರ ರುಚಿ ಯಾವುದು ಎಂದು ನೆನಪಿಲ್ಲ. ಚಗಟೆಯ ಒಗರು ತಿಳಿಯಬೇಕಾದರೆ ಪಕ್ಕದಲ್ಲಿ ಗಂಜಿ, ಉಪ್ಪಿನಕಾಯಿ ಬಿಟ್ಟು ಬೇರೆ ಇರಬಾರದು. ಅಜ್ಜಿಯ ಕಾಲದಲ್ಲಿ ಆಟಿ ಅಂದರೆ ಪತ್ತಾಯ (ಭತ್ತದ ಕಣಜ) ಬರಿದಾಗುವ ತಿಂಗಳು. ಗದ್ದೆಯಲ್ಲಿ ಏಣಿಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಇನ್ನೂ ಹಸಿರು, ಕೂಲಿ ಕೆಲಸವೂ ಇಲ್ಲ, ಹೊರಗೆ ಕಾಲಿಡದಷ್ಟು ಮಳೆ. ಇವತ್ತು ಇದು, ನಾಳೆ ಅದು ಅಂತ ಒಂದೊಂದೇ ತೆಗೆದು ತಿಂಗಳು ದಾಟಿಸುತ್ತಿದ್ದರು. ಆ ಅಡುಗೆಗೆ ಸಣ್ಣ ಪಾತ್ರೆಯೇ ಸರಿ. ಸಭಾಭವನದಲ್ಲಿ ಒಂದೇ ಮಧ್ಯಾಹ್ನ ತಿಂಗಳಿಡೀ ಉಂಡು ಮುಗಿಸುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಹೋಗುವುದಿಲ್ಲವೇ ಅಂದರೆ ಹೋಗುತ್ತೇನೆ. ಎಲ್ಲರೂ ಸಿಗುತ್ತಾರೆ ಅಲ್ವಾ.

ಕಣಿಲೆ ನಾನು ಈ ಸಲ ಮಾಡಿಲ್ಲ. ಬಿದಿರಿನ ಎಳೆ ಮೊಳಕೆ ತಂದುಕೊಡುವವರು ಈಗ ಕಮ್ಮಿ. ಸಿಕ್ಕಿದರೂ ಸಣ್ಣಗೆ ಹೆಚ್ಚಿ ನೀರಲ್ಲಿ ಹಾಕಿ, ಎರಡು ಮೂರು ದಿನ ನೀರು ಬದಲಿಸುತ್ತಾ ಇರಬೇಕು. ಹಸಿಯಲ್ಲಿ ಅದಕ್ಕೆ ಸಯನೈಡ್ ಬಿಡುವ ಗುಣ ಇದೆ. ಅವಸರದ ಅಡುಗೆಗೆ ಆಗುವ ವಸ್ತು ಅಲ್ಲ. ಕೆಸುವೂ ಹಾಗೆಯೇ. ಎಲೆಯಲ್ಲಿ ಸೂಜಿಯಂಥ ಹರಳು ಇರುತ್ತದೆ, ಗಂಟಲು ತುರಿಸುವುದು ಅದರಿಂದ. ಧಾರಾಳ ಹುಳಿ, ಧಾರಾಳ ಬೇಯಿಸುವುದು, ಅಷ್ಟೇ ಉಪಾಯ. ಶಾಲೆಯಲ್ಲಿ ನಮ್ಮ ಜೊತೆಗಿರುವ ಕೊಂಕಣಿ ಟೀಚರು ಕೆಸುವಿನ ಎಲೆಯನ್ನು ಸುತ್ತಿ ಗಂಟು ಹಾಕಿ, ಅಂಬಟೆ, ಹಲಸಿನ ಬೀಜ ಸೇರಿಸಿ ಅಳವತಿ ಮಾಡಿ ತರುತ್ತಾರೆ. ಅಂಬಟೆಯ ಹುಳಿ ಹುಣಸೆಗಿಂತ ನನಗೆ ಇಷ್ಟ. ಪತ್ರೊಡೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಬಿಟ್ಟೆ. ಹಲಸಿನ ಮರದ ಕವಲಿನಲ್ಲಿ ಮರಕೆಸು ಎದ್ದಿದೆ, ಇನ್ನೊಂದು ವಾರ ಬೆಳೆಯಲಿ.

ಗುರುವಾರ ಆಟಿ ಅಮಾವಾಸ್ಯೆ ಆಯಿತು. ಪಾಲೆ (ಹಾಲೆ) ಮರದ ಕಷಾಯ ಕುಡಿದೆವು. ಬೆಳಕು ಹರಿಯುವ ಮೊದಲು, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದ ತೊಗಟೆ. ಅದರ ಕಹಿಯನ್ನು ವಿವರಿಸುವುದಿಲ್ಲ, ಕುಡಿದವರಿಗೆ ಗೊತ್ತು. ಮರದ ಗುರುತು ಸರಿಯಾಗಿ ಗೊತ್ತಿಲ್ಲದವರು ತರಲು ಹೋಗಬೇಡಿ, ಗೊತ್ತಿದ್ದ ಮನೆಯಿಂದ ಒಂದು ಲೋಟ ಕೇಳಿ ಪಡೆಯಿರಿ. ಮೇಲಿಂದ ಮೆಂತೆ ಗಂಜಿ ಉಂಡರೆ ಹೊಟ್ಟೆ ತಣ್ಣಗೆ.

ರಾತ್ರಿಗೆ ತಿರುಳಿನ ಸಾರು, ಉಳಿದ ಚಗಟೆ, ಒಂದೆಲಗದ ತಂಬುಳಿ. ತಂಬುಳಿಗೆ ಎಲೆಯನ್ನು ಹಸಿಯಾಗಿಯೇ ಕಾಯಿ, ಜೀರಿಗೆ ಜೊತೆ ಅರೆದು ಮಜ್ಜಿಗೆಗೆ ಸೇರಿಸಿದೆ. ಮಳೆಗಾಲದಲ್ಲಿ ಮಜ್ಜಿಗೆ ಬೇಗ ಹುಳಿಯಾಗುವುದಿಲ್ಲ, ಅದರಿಂದ ಇದು ಈಗಲೇ ರುಚಿ.

ಮಂಗಳವಾರ ನಾಗರಪಂಚಮಿ. ಅರಿಶಿನ ಎಲೆಯ ಕಡುಬಿಗೆ ಹಿತ್ತಲಲ್ಲಿ ಎಲೆ ಬೇಕಾದಷ್ಟಿದೆ, ಅತ್ತಿಗೆಯೂ ಒಂದು ಕಟ್ಟು ಕೇಳಿದ್ದಾರೆ. ಅಕ್ಕಿ ನಾಳೆ ರಾತ್ರಿ ನೆನೆಹಾಕಬೇಕು. ಬೆಲ್ಲ ಮಾತ್ರ ಮುಗಿದಿದೆ. ನಾಳೆ ಶಾಲೆಯಿಂದ ಬರುವಾಗ ಬದಿಯಡ್ಕದಲ್ಲಿ ಇಳಿದು ತರುತ್ತೇನೆ.