ಹಾಲಿ ಶಾಸಕರಿಗೇ ಮತ್ತೆ ಓಟು ಹಾಕಬೇಕೆ?

ತಾಲ್ಲೂಕು ವರದಿಗಾರನಾಗಿ ಕೆಲಸ ಮಾಡಿದವನಿಗೆ ಮದುವೆ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ಕ್ಷೌರದ ಅಂಗಡಿಯಲ್ಲಿ ಎದುರಾಗುವ ಪ್ರಶ್ನೆ ಇದು: “ಈಗಿರುವ ಎಂಎಲ್‌ಎಗೇ ಮತ್ತೆ ಓಟು ಹಾಕೋಣವೋ, ಬೇರೆಯವರನ್ನು ನೋಡೋಣವೋ?” ಕೇಳುವವರಲ್ಲಿ ಹೆಚ್ಚಿನವರು ಒಂದು ಹೆಸರು ಬಯಸುತ್ತಾರೆ. ಹೆಸರು ನಾನು ಹೇಳುವುದಿಲ್ಲ. ನಾನು ತೀರ್ಮಾನಿಸುವುದು ಹೇಗೆ ಎಂಬುದನ್ನು ಮಾತ್ರ ಹೇಳುತ್ತೇನೆ. ಶಾಸಕರ ಕೈಯಲ್ಲೇ ಇದ್ದ ಕೆಲಸ, ಅವರಲ್ಲದೆ ಬೇರೆ ಯಾರೂ ಮಾಡಲಾಗದ ಕೆಲಸ ಐದು ವರ್ಷದಲ್ಲಿ ಎಷ್ಟು ನಡೆಯಿತು? ನನಗೆ ಮುಖ್ಯವಾದ ಅಳತೆ ಅದೊಂದೇ.

ನಮ್ಮೂರುಗಳಲ್ಲಿ ಶಾಸಕರನ್ನು ಹೊಗಳುವಾಗಲೂ ತೆಗಳುವಾಗಲೂ ಲೆಕ್ಕಕ್ಕೆ ಬರುವ ಸಂಗತಿಗಳು ಬೇರೆಯೇ ಇವೆ. ಸಾವಿಗೆ ಬಂದರು, ಮದುವೆಗೆ ಬರಲಿಲ್ಲ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟರು, ನಮ್ಮ ಕೇರಿಯ ಬೀದಿದೀಪ ಹಾಕಿಸಲಿಲ್ಲ. ಬೀದಿದೀಪ, ಚರಂಡಿ, ಕುಡಿಯುವ ನೀರಿನ ದುರಸ್ತಿ ಗ್ರಾಮ ಪಂಚಾಯಿತಿಯ ಕೆಲಸ. ಹಳ್ಳಿಯ ವಸತಿ ಯೋಜನೆಗೆ ಫಲಾನುಭವಿಗಳನ್ನು ಆಯ್ಕೆ ಮಾಡಬೇಕಾದದ್ದು ಗ್ರಾಮಸಭೆ. ಸರ್ಕಾರಿ ಶಾಲೆಯ ಶಿಕ್ಷಕರ ವರ್ಗಾವಣೆಗೆ ಕಾನೂನಿದೆ, ಕೌನ್ಸೆಲಿಂಗ್ ಇದೆ. ಇವೆಲ್ಲವನ್ನೂ ಶಾಸಕರ ತಲೆಗೆ ಕಟ್ಟಿದಾಗ ಎರಡು ಅನಾಹುತ ಆಗುತ್ತವೆ: ಪಂಚಾಯಿತಿಯನ್ನು ಕೇಳುವವರೇ ಇರುವುದಿಲ್ಲ, ಶಾಸಕರ ನಿಜವಾದ ಕೆಲಸವನ್ನು ನೋಡುವವರೂ ಇರುವುದಿಲ್ಲ. ನಡುರಾತ್ರಿ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಿದ್ದಾಗ ಫೋನ್ ಎತ್ತುವ ಶಾಸಕರ ಬೆಲೆ ಏನೆಂದು ನನಗೆ ಗೊತ್ತು. ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಆಸ್ಪತ್ರೆಯಲ್ಲಿ ಹಾಸಿಗೆ ಏಕೆ ಇರಲಿಲ್ಲ ಎಂದು ಅವರು ಎಲ್ಲಾದರೂ ಕೇಳಿದ್ದಾರೆಯೇ ಎಂಬುದು ನನಗೆ ಅದಕ್ಕಿಂತ ದೊಡ್ಡ ವಿಷಯ.

ರಸ್ತೆಯ ಮಾತಿಗೆ ಬಂದರೆ, ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಪೂರ್ತಿ ಬಿಡುಗಡೆಯಾದರೂ ಐದು ವರ್ಷಕ್ಕೆ 10 ಕೋಟಿ. ರಾಜ್ಯದ ಒಂದು ಕ್ಷೇತ್ರದಲ್ಲಿ ಸರಾಸರಿ ಎರಡೂಕಾಲು ಲಕ್ಷಕ್ಕೂ ಹೆಚ್ಚು ಮತದಾರರಿದ್ದಾರೆ. ಭಾಗಿಸಿ ನೋಡಿದರೆ ಒಬ್ಬರ ಪಾಲಿಗೆ ಐದು ವರ್ಷಕ್ಕೆ ನಾಲ್ಕುನೂರು ಚಿಲ್ಲರೆ ರೂಪಾಯಿ. ಉಳಿದ ಕಾಮಗಾರಿಗಳ ಹಣ ಇಲಾಖೆಗಳದ್ದು, ನಮ್ಮ ತೆರಿಗೆಯದ್ದು. ಗುದ್ದಲಿ ಪೂಜೆಯ ಫ್ಲೆಕ್ಸ್‌ನಲ್ಲಿ ಯಾರ ಭಾವಚಿತ್ರವಿದ್ದರೂ ಲೆಕ್ಕ ಬದಲಾಗುವುದಿಲ್ಲ. ಈ ನಿಧಿ ಜಿಲ್ಲಾಧಿಕಾರಿಗಳ ಮೂಲಕ ಹೋಗುತ್ತದೆ. ಯಾವ ಊರಿಗೆ, ಯಾವ ಕಾಮಗಾರಿಗೆ ಎಷ್ಟು ಎಂಬ ಪಟ್ಟಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಅರ್ಜಿ ಹಾಕಿ ಕೇಳಬಹುದು. ಹಣ ಶಾಲಾ ಕೊಠಡಿಗೆ ಹೋಯಿತೋ, ಸಮುದಾಯ ಭವನಗಳಿಗೇ ಹೋಯಿತೋ ಎಂದು ಆ ಪಟ್ಟಿ ಒಂದೇ ಓದಿಗೆ ಹೇಳಿಬಿಡುತ್ತದೆ.

ಹಾಗಾದರೆ ಶಾಸಕರ ಕೈಯಲ್ಲಿ ಇರುವುದೇನು? ಮೊದಲನೆಯದು ಕೆಡಿಪಿ, ಅಂದರೆ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಸಭೆ. ಮೂರು ತಿಂಗಳಿಗೊಮ್ಮೆ ತಾಲ್ಲೂಕು ಪಂಚಾಯಿತಿ ಸಭಾಂಗಣದಲ್ಲಿ ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುವ ಈ ಪ್ರಗತಿ ಪರಿಶೀಲನೆಯನ್ನು ನಾನು ಬೇರೆ ಬೇರೆ ಶಾಸಕರ ಕಾಲದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ನೋಡಿದ್ದೇನೆ. ಇಲಾಖೆಗೊಬ್ಬರಂತೆ ಅಧಿಕಾರಿಗಳು ಎದ್ದು ಗುರಿ ಇಷ್ಟು, ಸಾಧನೆ ಇಷ್ಟು ಎಂದು ಓದುತ್ತಾರೆ. ಆರೋಗ್ಯ ಇಲಾಖೆಯ ಸರದಿ ಬಂದಾಗ, “ಹೆರಿಗೆ ತಜ್ಞರ ಹುದ್ದೆ ಖಾಲಿ ಇದೆ, ಮೇಲಕ್ಕೆ ಪತ್ರ ಬರೆಯಲಾಗಿದೆ” ಎಂಬ ವಾಕ್ಯ ಬರುತ್ತದೆ. ಒಬ್ಬ ಶಾಸಕರು “ಆಯಿತು, ಮುಂದಿನವರು” ಎನ್ನುತ್ತಾರೆ. ಇನ್ನೊಬ್ಬರು ಕನ್ನಡಕ ಏರಿಸಿ, “ಯಾವ ದಿನಾಂಕದ ಪತ್ರ? ಪ್ರತಿ ಇದೆಯೆ? ಉತ್ತರ ಬಂತೆ? ಬರುವವರೆಗೆ ಪಕ್ಕದ ತಾಲ್ಲೂಕಿನ ವೈದ್ಯರನ್ನು ವಾರಕ್ಕೆರಡು ದಿನ ನಿಯೋಜಿಸಲು ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಕೇಳಿದಿರಾ?” ಎನ್ನುತ್ತಾರೆ. ಹೇಳಿದ್ದು ಆಯಿತೋ ಇಲ್ಲವೋ ಎಂದು ತಿಳಿಸುವ ಮುಂದಿನ ಸಭೆಯ ಅನುಪಾಲನಾ ವರದಿಯಲ್ಲಿ ಆ ಸಾಲು ಇರಲೇಬೇಕೆಂದು, ಸಭೆಯಲ್ಲಿ ನಡೆದದ್ದನ್ನು ದಾಖಲಿಸುವ ನಡಾವಳಿಯಲ್ಲಿ ಬರೆಸುತ್ತಾರೆ. ಆಮೇಲೆ ಆ ಆಸ್ಪತ್ರೆಯಲ್ಲಿ ಹೆರಿಗೆ ನೋವಿನಲ್ಲಿರುವ ಹೆಣ್ಣುಮಗಳನ್ನು ಆಂಬುಲೆನ್ಸ್‌ನಲ್ಲಿ ಜಿಲ್ಲಾ ಕೇಂದ್ರಕ್ಕೆ ಸಾಗಿಸುವುದು ವಾರದಲ್ಲಿ ಎರಡು ದಿನವಾದರೂ ತಪ್ಪುತ್ತದೆ. ಯಾವ ಫ್ಲೆಕ್ಸ್‌ನಲ್ಲೂ ಇದು ಬರುವುದಿಲ್ಲ. ಆದರೆ ಶಾಸಕರ ಕೆಲಸ ಎಂದರೆ ನನ್ನ ಪಾಲಿಗೆ ಇದೇ. ನಡಾವಳಿ ಸರ್ಕಾರಿ ದಾಖಲೆ. ಸಭೆಗೆ ಹೋಗಲಾಗದವರು ಅದನ್ನು ಪಡೆದು ಓದಬಹುದು. ಮೂರು ಸಭೆಗಳ ನಡಾವಳಿಯಲ್ಲಿ ಒಂದೇ ವಾಕ್ಯ ಅಕ್ಷರ ಬದಲಾಗದೆ ಮತ್ತೆ ಮತ್ತೆ ಕಂಡರೆ, ಅಧ್ಯಕ್ಷತೆ ವಹಿಸಿದವರು ಓದಿಲ್ಲ ಎಂದೇ ಅರ್ಥ.

ಎರಡನೆಯದು ಬಗರ್ ಹುಕುಂ. ಸರ್ಕಾರಿ ಜಮೀನಿನಲ್ಲಿ ವರ್ಷಗಟ್ಟಲೆ ಉಳುಮೆ ಮಾಡಿಕೊಂಡು ಬಂದವರ ಸಾಗುವಳಿಯನ್ನು ಸಕ್ರಮಗೊಳಿಸುವ ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ನಮೂನೆ 50, ಆಮೇಲೆ 53, ಕೊನೆಗೆ 2018ರಲ್ಲಿ ನಮೂನೆ 57 ಎಂದು ಮೂರು ಸುತ್ತು ಅರ್ಜಿ ಕರೆದಾಯಿತು. ಅಪ್ಪ ಹಾಕಿದ ಅರ್ಜಿಯ ಸ್ವೀಕೃತಿ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟುಕೊಂಡು, ಮಗ ತಾಲ್ಲೂಕು ಕಚೇರಿಯ ಕಟ್ಟೆಯ ಮೇಲೆ ಕಾಯುವುದನ್ನು ಕಂಡವರಿಗೆ ಈ ಸಮಿತಿಯ ಮಹತ್ವ ವಿವರಿಸಬೇಕಾಗಿಲ್ಲ. ಸಮಿತಿ ರಚನೆಗೆ ಸರ್ಕಾರದ ಆದೇಶ ಬೇಕು, ಅದು ತಡವಾಗಬಹುದು. ರಚನೆಯಾದ ಮೇಲೆ ಸಭೆ ಕರೆಯದಿರುವುದಕ್ಕೆ ನೆಪ ಇರುವುದಿಲ್ಲ. ಎಷ್ಟು ಸಭೆ ನಡೆಯಿತು, ಎಷ್ಟು ಅರ್ಜಿ ಇತ್ಯರ್ಥವಾಯಿತು, ಜಮೀನು ಮಂಜೂರಾದವರಿಗೆ ಕೊಡುವ ಸಾಗುವಳಿ ಚೀಟಿ ಯಾರ ಕೈಸೇರಿತು ಎಂಬ ಮೂರನ್ನೂ ನೋಡುತ್ತೇನೆ. ಮೂರನೆಯದನ್ನು ಹೆಚ್ಚು ಎಚ್ಚರದಿಂದ ನೋಡುತ್ತೇನೆ. ಚೀಟಿ ಪಡೆದವರ ಪಟ್ಟಿಯಲ್ಲಿ ನೇಗಿಲು ಹಿಡಿದವರ ಹೆಸರುಗಳ ನಡುವೆ ಪಟ್ಟಣದ ಗುತ್ತಿಗೆದಾರರ ಹೆಸರು ಕಂಡರೆ ಆ ಶಾಸಕರು ನನ್ನ ಮತ ಕಳೆದುಕೊಂಡಂತೆಯೇ. ಬೇರೆ ಯಾವ ಸಾಧನೆಯೂ ಅದನ್ನು ತುಂಬಿಕೊಡುವುದಿಲ್ಲ.

ಬಡವರಿಗೆ ಮನೆ, ನಿವೇಶನ ಹಂಚುವ ಪಟ್ಟಣದ ಆಶ್ರಯ ಸಮಿತಿ, ಸರ್ಕಾರಿ ಪದವಿ ಕಾಲೇಜಿನ ಅಭಿವೃದ್ಧಿ ಸಮಿತಿ ಇವೂ ಶಾಸಕರ ಅಧ್ಯಕ್ಷತೆಯವೇ. ಕಾಲೇಜಿನ ವಿದ್ಯಾರ್ಥಿಗಳನ್ನೇ ಕೇಳಿದರೆ ಸಾಕು, ಸಮಿತಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಇನ್ನು ಸದನ. ವರ್ಷಕ್ಕೆ ಕನಿಷ್ಠ 60 ದಿನ ವಿಧಾನ ಮಂಡಲ ಕಲಾಪ ನಡೆಯಬೇಕೆಂದು ನಮ್ಮ ರಾಜ್ಯವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿದೆ. ಬೆಂಗಳೂರಿನ ಅಧಿವೇಶನ, ಬೆಳಗಾವಿಯ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ಎಲ್ಲ ಕೂಡಿಸಿದರೂ ಆ ಸಂಖ್ಯೆ ಮುಟ್ಟುವುದು ಅಪರೂಪ. ಅಷ್ಟು ಕಡಿಮೆ ದಿನಗಳಲ್ಲೂ ನಮ್ಮ ಪ್ರತಿನಿಧಿ ಅಲ್ಲಿ ಇದ್ದರೋ ಇಲ್ಲವೋ, ಬಾಯಿ ತೆರೆದರೋ ಇಲ್ಲವೋ ಎಂದು ನೋಡುವ ಹಕ್ಕು ನಮಗಿದೆ. ವಿಧಾನಸಭೆಯ ಜಾಲತಾಣದಲ್ಲಿ ಪ್ರಶ್ನೋತ್ತರಗಳು ಕನ್ನಡದಲ್ಲೇ ಸಿಗುತ್ತವೆ. ಎಡಗಡೆ ಅ, ಆ, ಇ ಎಂದು ಪ್ರಶ್ನೆಯ ಭಾಗಗಳು, ಬಲಗಡೆ ಸಚಿವರ ಉತ್ತರ. “ಕೆರೆ ಒತ್ತುವರಿಯಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?” “ಬಂದಿದೆ.” “ತೆರವಿಗೆ ಕೈಗೊಂಡ ಕ್ರಮವೇನು? ಸರ್ವೆ ನಂಬರ್‌ವಾರು ವಿವರ ನೀಡುವುದು.” ಈ ಕೊನೆಯ ತುಂಡಿನಲ್ಲಿ ಶಾಸಕರ ಪರಿಶ್ರಮ ತಿಳಿಯುತ್ತದೆ. ಸರ್ವೆ ನಂಬರ್ ಕೇಳಿದರೆ ಇಲಾಖೆ ಅನುಬಂಧದಲ್ಲಿ ಪಟ್ಟಿ ಕೊಡಲೇಬೇಕಾಗುತ್ತದೆ. ಊರಿನವರ ಕೈಗೆ ಒಂದು ದಾಖಲೆ ಸಿಗುತ್ತದೆ. “ಅಭಿವೃದ್ಧಿಗೆ ಕ್ರಮ ಕೈಗೊಳ್ಳುವಿರಾ?” ಎಂದು ಕೇಳಿದರೆ “ಪರಿಶೀಲನೆಯಲ್ಲಿದೆ” ಎಂಬ ಉತ್ತರ ಬಂದು ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ನಾನು ಪ್ರಶ್ನೆಗಳ ಸಂಖ್ಯೆ ಎಣಿಸುವುದಿಲ್ಲ, ಹಿಡಿತ ನೋಡುತ್ತೇನೆ. ಸಚಿವರಾದವರು ಪ್ರಶ್ನೆ ಕೇಳುವಂತಿಲ್ಲ, ಅವರನ್ನು ಇಲಾಖೆ ನಡೆಸಿದ ರೀತಿಯಿಂದಲೇ ಅಳೆಯಬೇಕು.

“ವಿರೋಧ ಪಕ್ಷದಲ್ಲಿದ್ದೆವು, ಅನುದಾನ ಕೊಡಲಿಲ್ಲ” ಎಂಬ ಮಾತು ಪ್ರತಿ ಅವಧಿಯ ಕೊನೆಗೆ ಕೇಳಿಬರುತ್ತದೆ. ಅದರಲ್ಲಿ ಸತ್ಯವಿದೆ, ಅನುದಾನದ ತಾರತಮ್ಯ ಎಲ್ಲ ಸರ್ಕಾರಗಳ ಕಾಲದಲ್ಲೂ ಕೇಳಿಬಂದ ದೂರು. ಆದರೆ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಶಾಸಕರಾಗಿದ್ದ ಅವಧಿಯೆಲ್ಲ ವಿರೋಧ ಪಕ್ಷದಲ್ಲೇ ಇದ್ದರು. 1952ರಲ್ಲಿ ಗೆದ್ದರು, 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಒಮ್ಮೆಯೂ ಸಚಿವರಾಗಲಿಲ್ಲ. ಭೂಮಾಲೀಕರ ವಿರುದ್ಧ ನಡೆದ ಕಾಗೋಡು ಸತ್ಯಾಗ್ರಹದ ಗೇಣಿದಾರರ ಮಾತನ್ನು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬೇಕೆಂಬ ಹಕ್ಕೊತ್ತಾಯವನ್ನು ಸದನದಲ್ಲಿ ಬಿಡದೆ ಆಡಿದರು. 1972ರಲ್ಲಿ ತೀರಿಕೊಂಡರು. ಮರುವರ್ಷ ರಾಜ್ಯದ ಹೆಸರು ಬದಲಾಯಿತು, 1974ರಲ್ಲಿ ಉಳುವವನೇ ಹೊಲದೊಡೆಯ ಎಂಬ ಭೂಸುಧಾರಣೆ ಜಾರಿಗೆ ಬಂತು. ಅವೆರಡೂ ಅವರೊಬ್ಬರಿಂದಲೇ ಆದವು ಎಂದು ನಾನು ಹೇಳುತ್ತಿಲ್ಲ. ಅನುದಾನ ಇಲ್ಲದ ಶಾಸಕನಿಗೂ ದೊಡ್ಡ ಕೆಲಸ ಉಳಿದಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ.

ಹಣ, ಆಸ್ತಿಯ ವಿಷಯಕ್ಕೆ ನಾಮಪತ್ರದ ಜೊತೆಗಿನ ನಮೂನೆ 26ರ ಪ್ರಮಾಣಪತ್ರವಿದೆ. ಕಳೆದ ಚುನಾವಣೆಯದನ್ನೂ ಈ ಚುನಾವಣೆಯದನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಒಟ್ಟು ಆಸ್ತಿಯ ಮೌಲ್ಯ ಏರಿದ್ದನ್ನು ನೋಡಿ ಬೆಚ್ಚಿಬೀಳಬೇಕಾಗಿಲ್ಲ, ಅಜ್ಜನ ಕಾಲದ ತೋಟಕ್ಕೂ ಇವತ್ತಿನ ಮಾರುಕಟ್ಟೆ ಬೆಲೆ ಬಂದಿರುತ್ತದೆ. ಜಮೀನಿನ ಭಾಗದಲ್ಲಿ ಸರ್ವೆ ನಂಬರ್, ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬುದು, ಖರೀದಿಯ ದಿನಾಂಕ, ಕೊಟ್ಟ ಹಣ ಎಂಬ ಸಾಲುಗಳಿವೆ. ಅಧಿಕಾರದ ಐದು ವರ್ಷದೊಳಗಿನ ದಿನಾಂಕಗಳನ್ನು ಮಾತ್ರ ಹುಡುಕಿ. ಹೊಸ ವರ್ತುಲ ರಸ್ತೆ ಹಾದುಹೋಗುವ ಊರಿನ ಸರ್ವೆ ನಂಬರುಗಳು ಅಲ್ಲಿದ್ದರೆ ಕೇಳಬೇಕಾದ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಪ್ರಕರಣಗಳ ಪಟ್ಟಿಯನ್ನೂ ಹೀಗೆಯೇ ಓದಬೇಕು: ನೀರಿಗಾಗಿ ಹೆದ್ದಾರಿ ತಡೆದು ಹಾಕಿಸಿಕೊಂಡ ಪ್ರಕರಣವೂ, ಬೇರೆಯವರ ಜಮೀನಿಗೆ ನಕಲಿ ದಾಖಲೆ ಸೃಷ್ಟಿಸಿದ ಆರೋಪವೂ ಒಂದೇ ತೂಕದವಲ್ಲ.

ಎಲ್ಲಕ್ಕಿಂತ ಹೆಚ್ಚು ನಾನು ವಾದ ಮಾಡುವುದು “ಒಂದು ಸಲ ಆಯಿತಲ್ಲ, ಬದಲಾಯಿಸೋಣ” ಎನ್ನುವವರ ಜೊತೆ. ಇದು ನಮ್ಮ ರಾಜ್ಯದ ರೂಢಿಯೇ ಆಗಿದೆ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ ಅಧಿಕಾರ ಉಳಿಸಿಕೊಂಡ ಮೇಲೆ, 2023ರ ಚುನಾವಣೆಯವರೆಗೆ ಯಾವ ಆಡಳಿತ ಪಕ್ಷವೂ ಬೆನ್ನುಬೆನ್ನಿಗೆ ಗೆದ್ದಿಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಕೆ.ಆರ್. ರಮೇಶ್ ಕುಮಾರ್ ಮತ್ತು ಜಿ.ಕೆ. ವೆಂಕಟಶಿವಾರೆಡ್ಡಿ 1980ರ ದಶಕದಿಂದ 2013ರವರೆಗೆ ಒಂದು ಸಲ ಇವರು, ಒಂದು ಸಲ ಅವರು ಎಂಬಂತೆ ಗೆದ್ದರು. 2018ರಲ್ಲಿ ರಮೇಶ್ ಕುಮಾರ್ ಆ ಸರದಿ ಮುರಿದರು, 2023ರಲ್ಲಿ ವೆಂಕಟಶಿವಾರೆಡ್ಡಿ ಮರಳಿದರು. ಅತ್ತ ಗುರುಮಠಕಲ್ಲಿನ ಜನ ಮಲ್ಲಿಕಾರ್ಜುನ ಖರ್ಗೆಯವರನ್ನು 1972ರಿಂದ 2004ರವರೆಗೆ ಸತತ ಎಂಟು ಬಾರಿ ಆರಿಸಿದರು. ಆ ಮತದಾರರ ವಿವೇಕವನ್ನು ಪ್ರಶ್ನಿಸುವುದು ನನ್ನ ಉದ್ದೇಶವಲ್ಲ. ಆದರೆ ಏನು ಮಾಡಿದರೂ ಮುಂದಿನ ಸಲ ಸೋಲುವೆನೆಂದು ನಂಬಿದ ಶಾಸಕ ಆಸ್ಪತ್ರೆಯ ಖಾಲಿ ಹುದ್ದೆಗಾಗಿ ಏಕೆ ಹೋರಾಡಬೇಕು? ಏನು ಮಾಡಿದರೂ ಗೆಲ್ಲುವೆನೆಂದು ನಂಬಿದವರಿಗಾದರೂ ಆ ಹೋರಾಟ ಏಕೆ ಬೇಕು? ಸೋಲು ಗೆಲುವು ಎರಡೂ ಕೆಲಸದ ಮೇಲೆ ನಿಂತಿವೆ ಎಂದು ಅವರಿಗೆ ಅನಿಸಬೇಕು. ಹಾಗೆ ಅನಿಸುವಂತೆ ಮಾಡುವುದು ನಮ್ಮ ಕೈಯಲ್ಲಿದೆ.

ಪಕ್ಷ ಬಿಟ್ಟವರನ್ನು ಏನು ಮಾಡಬೇಕೆಂದೂ ಕೇಳುತ್ತಾರೆ. 2019ರಲ್ಲಿ ಪಕ್ಷಾಂತರದ ಕಾರಣಕ್ಕೆ 17 ಶಾಸಕರು ಅನರ್ಹರಾದರು. ಅನರ್ಹತೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ಚುನಾವಣೆಗೆ ಮತ್ತೆ ನಿಲ್ಲಲು ಅವಕಾಶ ಕೊಟ್ಟಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಹೊಸದಾಗಿ ಸೇರಿದ ಪಕ್ಷದಿಂದ ನಿಂತ 13 ಮಂದಿಯಲ್ಲಿ 11 ಮಂದಿ ಗೆದ್ದರು. ಕ್ಷೇತ್ರದ ಅಭಿವೃದ್ಧಿಗಾಗಿ ಹೋದೆವು ಎಂಬ ವಿವರಣೆಯನ್ನು ಜನ ಒಪ್ಪಿದಂತಾಯಿತು. ನಾನು ಒಪ್ಪುವುದಿಲ್ಲ. ಒಂದು ಚಿಹ್ನೆಗೆ ಮತ ಕೇಳಿ ಪಡೆದವರು ಅದನ್ನು ಬಿಡುವ ಮುನ್ನ ಮತ ಕೊಟ್ಟವರ ಮುಂದೆ ನಿಂತು ಕಾರಣ ಹೇಳಬೇಕಿತ್ತು. ಬೇರೆ ರಾಜ್ಯದ ಹೋಟೆಲಿಗೆ ಹೋಗಿ ಕುಳಿತ ಮೇಲೆ ಹೇಳಿದ ಕಾರಣಕ್ಕೆ ನಾನು ಬೆಲೆ ಕೊಡಲಾರೆ.

ಇಷ್ಟೆಲ್ಲ ನೋಡಿದ ಮೇಲೂ ಹಾಲಿ ಶಾಸಕರನ್ನು ಒಬ್ಬರನ್ನೇ ಇಟ್ಟುಕೊಂಡು ತೀರ್ಮಾನಿಸಲಾಗದು. ಎದುರು ನಿಂತವರು ಮನೆಗೆ ಬಂದಾಗ ನಾನು ಕೇಳುವುದು ಸರಳ: “ಗೆದ್ದರೆ ಮೊದಲ ಕೆಡಿಪಿ ಸಭೆಯಲ್ಲಿ ಯಾವ ಇಲಾಖೆಯನ್ನು ಮೊದಲು ಕರೆಯುತ್ತೀರಿ? ಬಗರ್ ಹುಕುಂ ಅರ್ಜಿ ನಮ್ಮ ಹೋಬಳಿಯಲ್ಲಿ ಎಷ್ಟು ಬಾಕಿ ಇವೆ?” ಸಂಖ್ಯೆ ಬಾಯಿಪಾಠ ಇರಬೇಕಿಲ್ಲ, ವಿಷಯ ಗೊತ್ತಿರಬೇಕು. ಕೆಲಸದಲ್ಲಿ ಅರ್ಧವಾದರೂ ಮಾಡಿದ ಹಾಲಿ ಶಾಸಕರ ಎದುರು ಏನೂ ಗೊತ್ತಿಲ್ಲದ ಹೊಸಬರು ನಿಂತರೆ, ಅವರು ನನ್ನ ಜಾತಿಯವರಾದರೂ ನನಗೆ ಇಷ್ಟವಾದ ಪಕ್ಷದವರಾದರೂ, ನನ್ನ ಮತ ಹಾಲಿ ಶಾಸಕರಿಗೇ. ಕೈಯಲ್ಲಿದ್ದ ಕೆಲಸವನ್ನು ಮಾಡದವರಿಗೆ, ಎಷ್ಟೇ ಸಜ್ಜನರಾಗಿರಲಿ, ಎರಡನೇ ಅವಧಿ ಕೊಡುವುದಿಲ್ಲ.

ಇಬ್ಬರೂ ಬೇಡವೆನಿಸಿದರೆ ನೋಟಾ (ಮೇಲಿನ ಯಾರೂ ಅಲ್ಲ) ಒತ್ತಬಹುದಲ್ಲ ಎಂದು ಎಳೆಯರು ಕೇಳುತ್ತಾರೆ. ಸುಪ್ರೀಂ ಕೋರ್ಟ್ ತೀರ್ಪಿನಿಂದ 2013ರಲ್ಲಿ ಬಂದ ಆ ಗುಂಡಿ ಅಸಮಾಧಾನವನ್ನು ದಾಖಲಿಸುತ್ತದೆಯೇ ಹೊರತು, ವಿಧಾನಸಭಾ ಚುನಾವಣೆಯ ಫಲಿತಾಂಶವನ್ನು ಬದಲಿಸುವುದಿಲ್ಲ. ನೋಟಾಕ್ಕೇ ಹೆಚ್ಚು ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರು ಗೆದ್ದಂತೆಯೇ. ಆದ್ದರಿಂದ ಅದನ್ನು ಒತ್ತುವ ಮುನ್ನ ಯಂತ್ರದಲ್ಲಿ ಹೆಸರಿರುವ ಪಕ್ಷೇತರರ, ಸಣ್ಣ ಪಕ್ಷಗಳವರ ಪ್ರಮಾಣಪತ್ರಗಳನ್ನೂ ನಾನು ತೆಗೆದು ಓದುತ್ತೇನೆ.